ಹೆಗಲ ಮೇಲಿನ ಸತಿ

ಪೌರಾಣಿಕ ಧಾರಾವಾಹಿಗಳು ಸಾವಿನ ದುಃಖವನ್ನು ನಿಜಕ್ಕೂ ತೋರಿಸುತ್ತವೆಯೇ, ಇಲ್ಲವೇ ಗ್ರಾಫಿಕ್ಸ್ ಮತ್ತು ಹಿನ್ನೆಲೆ ಸಂಗೀತದಲ್ಲಿ ಮುಗಿಸಿಬಿಡುತ್ತವೆಯೇ ಎಂದು ಕೇಳಿದ್ದೀರಿ. ಎಲ್ಲ ಧಾರಾವಾಹಿಗಳ ಪರವಾಗಿ ನಾನು ಉತ್ತರಿಸಲಾರೆ. ಪಟ್ಟು ಹಿಡಿದು ನೋಡಿದ್ದು ಒಂದನ್ನೇ: 2011ರಿಂದ 2014ರವರೆಗೆ ಲೈಫ್ ಓಕೆ ವಾಹಿನಿಯಲ್ಲಿ ಬಂದ ಹಿಂದಿಯ ‘ದೇವೋಂ ಕೆ ದೇವ್ ಮಹಾದೇವ್’. 2016ರಲ್ಲಿ ಸ್ಟಾರ್ ಸುವರ್ಣ ಅದನ್ನು ‘ಹರ ಹರ ಮಹಾದೇವ’ ಎಂದು ಕನ್ನಡಕ್ಕೂ ತಂದಿತು.

ಅದರಲ್ಲಿ ಗ್ರಾಫಿಕ್ಸ್ ಇತ್ತು, ಸಂಗೀತವಂತೂ ವಿಪರೀತವಿತ್ತು. ಆದರೂ ಶಿವನ ಹೆಂಡತಿ ಸತಿಯ ಸಾವು ನನ್ನನ್ನು ತಟ್ಟಿತು. ಕಾರಣ ಸರಳ. ತಂದೆ ದಕ್ಷ ಅಳಿಯ ಶಿವನನ್ನು ಅವಮಾನಿಸಿದ ದಕ್ಷಯಜ್ಞದ ಕಥೆ ಕೇಳಿದ ಯಾರಿಗೂ ಆಕೆ ಸಾಯುತ್ತಾಳೆ ಎಂಬುದು ಗುಟ್ಟಲ್ಲ, ಆದರೆ ತಿಂಗಳುಗಟ್ಟಲೆ ರಾತ್ರಿ ಊಟದ ಹೊತ್ತಿಗೆ ಮನೆಗೆ ಬರುತ್ತಿದ್ದ ಹುಡುಗಿ ಅವಳು. ಪುರಾಣ ಕೆಲವೇ ಶ್ಲೋಕಗಳಲ್ಲಿ ದಾಟಿಬಿಡುವ ಅವಳ ಹಟ, ತಂದೆಯ ಮೇಲಿನ ಭಯ, ತವರಿಗೆ ಹೋಗಲೇಬೇಕೆಂಬ ಆಸೆ, ಎಲ್ಲಕ್ಕೂ ಧಾರಾವಾಹಿಗೆ ಸಮಯವಿತ್ತು. ಎಳೆಯುತ್ತಾರೆ ಎಂದು ನಾವು ಬೈಯುವ ಗುಣವೇ ಅಲ್ಲಿ ಉಪಕಾರಕ್ಕೆ ಬಂತು.

ಸತಿಯ ತಾಯಿ ಪ್ರಸೂತಿಯ ಪಾತ್ರವನ್ನು ಬೆಳೆಸಿದ್ದೂ ನನಗೆ ಇಷ್ಟವಾಯಿತು. ಕರೆಯದೆ ಬಂದ ಮಗಳನ್ನು ಯಜ್ಞಶಾಲೆಯಲ್ಲಿ ತಾಯಿ ಮತ್ತು ಅಕ್ಕತಂಗಿಯರ ಹೊರತು ಯಾರೂ ಮಾತನಾಡಿಸಲಿಲ್ಲ ಎಂದು ಭಾಗವತ ಒಂದು ಮಾತಿನಲ್ಲಿ ಹೇಳುತ್ತದೆ. ಆಮೇಲೆ ಆ ತಾಯಿಯ ಗತಿ ಯೋಚಿಸಿ: ಒಂದೇ ದಿನ ಮಗಳೂ ಹೋದಳು, ಗಂಡನೂ ಹೋದ, ಮಗಳ ಸಾವಿಗೆ ಕಾರಣನಾದ ಆ ಗಂಡನೇ ಆಡಿನ ತಲೆ ಹೊತ್ತು ಎದ್ದು ಕುಳಿತ.

ಮೂಲಕ್ಕೆ ನಿಷ್ಠವೇ ಎಂದರೆ, ಯಾವ ಮೂಲಕ್ಕೆ ಎಂದು ನಾನು ತಿರುಗಿ ಕೇಳಬೇಕಾಗುತ್ತದೆ. ಭಾಗವತದ ನಾಲ್ಕನೆಯ ಸ್ಕಂಧದಲ್ಲಿ ಶಿವ ಅಳುವುದಿಲ್ಲ. ನಾರದನಿಂದ ಸುದ್ದಿ ತಿಳಿದು, ತುಟಿ ಕಚ್ಚಿ, ಜಟೆಯೊಂದನ್ನು ಕಿತ್ತು ನೆಲಕ್ಕೆ ಎಸೆಯುತ್ತಾನೆ, ವೀರಭದ್ರ ಹುಟ್ಟುತ್ತಾನೆ. ನಮ್ಮ ವೀರಗಾಸೆಯ ಒಡಪುಗಳಲ್ಲಿ ಮೊಳಗುವುದೂ ಆ ಸಿಟ್ಟೇ. ಶವ ಹೊತ್ತು ಅಲೆಯುವ ಶಿವ ಸಿಗುವುದು ಕಾಲಿಕಾ ಪುರಾಣ, ದೇವೀಭಾಗವತಗಳಲ್ಲಿ. ದೇವೀಭಾಗವತದಲ್ಲಿ ವಿಷ್ಣು ಬಾಣಗಳಿಂದ ಆ ದೇಹವನ್ನು ಕತ್ತರಿಸುತ್ತಾನೆ. ಟಿವಿಯಲ್ಲಿ ತಿರುಗುವ ಸುದರ್ಶನ ಚಕ್ರ ಜನರ ಬಾಯಲ್ಲಿ ಉಳಿದ ರೂಪ. ಕಾಲಿಕಾ ಪುರಾಣದ್ದು ಇನ್ನೂ ವಿಚಿತ್ರ: ಬ್ರಹ್ಮ, ವಿಷ್ಣು, ಶನಿ ಮೂವರೂ ಕಣ್ಣಿಗೆ ಕಾಣದಂತೆ ಶವದೊಳಗೆ ಹೊಕ್ಕು ಅದನ್ನು ತುಂಡು ತುಂಡಾಗಿ ಬೀಳಿಸುತ್ತಾರೆ. ಅದಕ್ಕೂ ಮೊದಲು ಶಿವನ ಕಣ್ಣೀರು ಭೂಮಿಯನ್ನು ಸುಟ್ಟೀತೆಂದು ಹೆದರಿದ ದೇವತೆಗಳು ಅದನ್ನು ಹಿಡಿದುಕೊಳ್ಳಲು ಶನಿಗೆ ಹೇಳುತ್ತಾರೆ. ಶನಿಗೂ ತಡೆಯಲಾಗುವುದಿಲ್ಲ, ಬೆಟ್ಟದ ಮೇಲೆ ಚೆಲ್ಲುತ್ತಾನೆ. ಹಾಗೆ ಹರಿದದ್ದೇ ವೈತರಣಿಯಂತೆ. ಸತ್ತವರು ದಾಟಬೇಕಾದ ನದಿ ಹೆಂಡತಿಯನ್ನು ಕಳೆದುಕೊಂಡವನ ಕಣ್ಣೀರು! ಈ ಒಂದು ಚಿತ್ರಕ್ಕಾಗಿ ನಾನು ಟಿವಿಯ ಗುಡುಗು ಸಿಡಿಲನ್ನೆಲ್ಲ ಬಿಟ್ಟುಕೊಡಬಲ್ಲೆ.

ಈ ಕಥೆಗಳಲ್ಲಿ ಶಿವನ ಕೈಯಿಂದ ಶವವನ್ನು ಬಿಡಿಸುವುದು ಉಪದೇಶವಲ್ಲ, ಬಾಣ, ಇಲ್ಲವೇ ಒಳಹೊಕ್ಕ ದೇವತೆಗಳು. ಧಾರಾವಾಹಿಗಳು ಎಡವುವುದು ಇಲ್ಲಿಯೇ. ದುಃಖ ಬಂದೊಡನೆ ಒಬ್ಬ ದೇವರು ಪ್ರತ್ಯಕ್ಷನಾಗಿ ಇದೆಲ್ಲ ವಿಧಿ, ಲೋಕಕಲ್ಯಾಣಕ್ಕಾಗಿ ಎಂದು ವಿವರಿಸುತ್ತಾನೆ. ಮುಂದೆ ಪಾರ್ವತಿ ಹುಟ್ಟುತ್ತಾಳೆ, ಅಲ್ಲಿಗೆ ಲೆಕ್ಕ ಚುಕ್ತಾ ಎಂಬಂತೆ. ಪುರಾಣದ ಶಿವ ಅಷ್ಟು ಸುಲಭವಾಗಿ ಮರಳುವುದಿಲ್ಲ, ತಪಸ್ಸಿಗೆ ಕೂರುತ್ತಾನೆ. ಎಬ್ಬಿಸಲು ಬಂದ ಕಾಮನನ್ನು ಸುಡುತ್ತಾನೆ. ಹೆಂಡತಿ ಸತ್ತವನು ಮತ್ತೊಬ್ಬಳ ಗಂಡನನ್ನು ಬೂದಿ ಮಾಡಿದ! ಕಾಳಿದಾಸ ಕುಮಾರಸಂಭವದ ನಾಲ್ಕನೆಯ ಸರ್ಗವನ್ನು ರತಿಯ ಅಳುವಿಗೇ ಮೀಸಲಿಟ್ಟ. ಟಿವಿಗೆ ಮಾತ್ರ ಮೂರನೆಯ ಕಣ್ಣಿನ ಬೆಂಕಿಯ ಮೇಲೆಯೇ ಕಣ್ಣು.

ಕೊನೆಗೆ ಒಂದು ಮನೆಯ ವಿಷಯ. ಮಾವ ತೀರಿಕೊಂಡು ವರ್ಷವೂ ತುಂಬಿರಲಿಲ್ಲ, ಶಿವ ಸತಿಯನ್ನು ಹೊತ್ತು ನಡೆಯುವ ಕಂತು ಬಂತು. ಅತ್ತೆ ಅಳಬಹುದೆಂದು ನಾನು ರಿಮೋಟ್ ಕೈಗೆತ್ತಿಕೊಂಡೆ. ಅವರು ಬೇಡವೆಂದರು. ಚಕ್ರ ಬಂದಾಗ, “ಪಾಪ, ಯಾರಾದರೂ ಬಿಡಿಸಬೇಕಲ್ಲಮ್ಮ” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಅವರನ್ನು ಎತ್ತುವಾಗ ನಾನು ಕಾಲು ಹಿಡಿದುಕೊಂಡಿದ್ದೆ. ನನ್ನ ಬೆರಳು ಬಿಡಿಸಿದವರು ಯಾರು ಅಂತ ಈಗಲೂ ಗೊತ್ತಿಲ್ಲ” ಎಂದರು.

ಬಿಡಿಸಿದ್ದು ನಾನು. ಅಂದೂ ಹೇಳಲಿಲ್ಲ.