ಕ್ಯಾಬಿನೆಟ್ ಜೊತೆಗೇ ಎಸ್‌ಎಂಪಿಎಸ್, ಕೂಲರ್: ಪುಟ್ಟ ಪೆಟ್ಟಿಗೆ ಕೊಳ್ಳುವ ಮುನ್ನ

ಪ್ರಶ್ನೆ: ಮೇಜಿನ ಮೇಲೆ ಜಾಗ ಕಡಿಮೆ ಇರುವುದರಿಂದ ಕೂಲರ್ ಮಾಸ್ಟರ್ ಎನ್‌ಆರ್200ಪಿ ಮ್ಯಾಕ್ಸ್ ಕೊಳ್ಳೋಣ ಎಂದಿದ್ದೇನೆ. 850 ವ್ಯಾಟ್ ಎಸ್‌ಎಂಪಿಎಸ್, 280 ಮಿ.ಮೀ. ಲಿಕ್ವಿಡ್ ಕೂಲರ್, ರೈಸರ್ ಕೇಬಲ್ ಎಲ್ಲ ಒಳಗೇ ಕೂಡಿಸಿ ಕೊಡುತ್ತಾರೆ. ರೈಜನ್ 7 7700ಎಕ್ಸ್ ಪ್ರೊಸೆಸರ್, ಆರ್‌ಟಿಎಕ್ಸ್ 4070 ಸೂಪರ್ ಕಾರ್ಡ್ ಹಾಕುವ ಯೋಚನೆ. ಬೇಸಿಗೆಯಲ್ಲಿ ನಮ್ಮ ಕೋಣೆಯೊಳಗೇ 38-40 ಡಿಗ್ರಿ ಇರುತ್ತದೆ. ತಡೆದೀತೆ? (ಕಲಬುರಗಿ)

ಉತ್ತರ: ತಡೆಯುತ್ತದೆ, ಆದರೆ ಪ್ರೊಸೆಸರ್‌ಗೆ ಒಂದು ಕಡಿವಾಣ ಹಾಕಬೇಕಾಗುತ್ತದೆ. ಅದಕ್ಕೂ ಮೊದಲು, ಇಂಥ ಕೂಡಿಸಿಟ್ಟ ಪೆಟ್ಟಿಗೆಯನ್ನು ಒಂದೇ ವಸ್ತುವೆಂದು ನೋಡಬೇಡಿ. ಕ್ಯಾಬಿನೆಟ್, ಎಸ್‌ಎಂಪಿಎಸ್ (ಗೋಡೆಯ ವಿದ್ಯುತ್ತನ್ನು ಕಂಪ್ಯೂಟರ್‌ಗೆ ಹೊಂದಿಸಿ ಕೊಡುವ ಭಾಗ), ಕೂಲರ್, ರೈಸರ್ (ಗ್ರಾಫಿಕ್ಸ್ ಕಾರ್ಡನ್ನು ಮದರ್‌ಬೋರ್ಡ್‌ಗೆ ಜೋಡಿಸುವ ಕೇಬಲ್) ಎಂದು ನಾಲ್ಕು ವಸ್ತುಗಳಾಗಿ ಬಿಡಿಸಿ, ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳಿ: ನಾಲ್ಕು ವರ್ಷ ಬಿಟ್ಟು ಇದು ಕೆಟ್ಟರೆ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಬಿಡಿಭಾಗ ಇದೇ ಜಾಗದಲ್ಲಿ ಕೂರುತ್ತದೆಯೇ?

ಎಸ್‌ಎಂಪಿಎಸ್ ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. ಅದು ಎಸ್‌ಎಫ್‌ಎಕ್ಸ್ ಅಳತೆಯದು, ಅಂದರೆ 125 ಮಿ.ಮೀ. ಅಗಲ, 63.5 ಮಿ.ಮೀ. ದಪ್ಪ, 100 ಮಿ.ಮೀ. ಉದ್ದ. ಈ ಅಳತೆಯಲ್ಲಿ ಹಲವು ಕಂಪನಿಗಳು ಮಾಡುತ್ತವೆ. ಒಂದು ಎಚ್ಚರಿಕೆ ಮಾತ್ರ ಇದೆ. ಪೆಟ್ಟಿಗೆಗೆ ತಕ್ಕಂತೆ ಕತ್ತರಿಸಿದ ಗಿಡ್ಡ ಕೇಬಲ್‌ಗಳನ್ನು ಹೊಸ ಎಸ್‌ಎಂಪಿಎಸ್‌ಗೆ ಚುಚ್ಚಬೇಡಿ. ಮದರ್‌ಬೋರ್ಡ್ ಕಡೆಯ ತುದಿ ಎಲ್ಲರದ್ದೂ ಒಂದೇ, ಎಸ್‌ಎಂಪಿಎಸ್ ಕಡೆಯ ತುದಿಯ ಪಿನ್ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ. ಕನೆಕ್ಟರ್ ಸರಿಯಾಗಿ ಕೂತಂತೆ ಕಂಡರೂ 5 ವೋಲ್ಟ್ ಹೋಗಬೇಕಾದಲ್ಲಿ 12 ವೋಲ್ಟ್ ಹರಿದು ಎಸ್‌ಎಸ್‌ಡಿ ಸುಟ್ಟುಹೋಗಬಹುದು.

ಈಗ ವ್ಯಾಟ್ ಲೆಕ್ಕ. 7700ಎಕ್ಸ್ ಮೇಲೆ 105 ವ್ಯಾಟ್ ಎಂದು ಬರೆದಿದ್ದರೂ ಪೂರ್ತಿ ದುಡಿಸಿದಾಗ ಸಾಕೆಟ್ 142 ವ್ಯಾಟ್‌ವರೆಗೆ ಕೊಡುತ್ತದೆ. ಕಾರ್ಡ್‌ಗೆ 220. ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಪಂಪ್, ಫ್ಯಾನ್‌ಗಳಿಗೆ ಧಾರಾಳವಾಗಿ 60 ಇಡಿ. ಒಟ್ಟು 422 ವ್ಯಾಟ್, ಅಂದರೆ 850ರ ಸುಮಾರು ಅರ್ಧ. 80 ಪ್ಲಸ್ ಗೋಲ್ಡ್ ಎಂಬ ದಕ್ಷತೆಯ ದರ್ಜೆ ಪಡೆದ ಎಸ್‌ಎಂಪಿಎಸ್‌ಗೆ ನಮ್ಮ 230 ವೋಲ್ಟ್ ವಿದ್ಯುತ್ತಿನಲ್ಲಿ ಅರ್ಧ ಭಾರಕ್ಕೆ ಬೇಕಾದ ದಕ್ಷತೆ ಶೇ 92. ಹಾಗಾಗಿ ಗೋಡೆಯಿಂದ ಸುಮಾರು 459 ವ್ಯಾಟ್ ಎಳೆದು, 37 ವ್ಯಾಟನ್ನಷ್ಟೇ ತನ್ನೊಳಗೆ ಶಾಖವಾಗಿ ಕಳೆಯುತ್ತದೆ. ಹದಿನೆಂಟು ಲೀಟರ್ ಪೆಟ್ಟಿಗೆಯಲ್ಲಿ ಈ ಉಳಿತಾಯ ಚಿಕ್ಕದಲ್ಲ. 850 ಜಾಸ್ತಿಯಾಯಿತು ಎಂದು ಕೊರಗಬೇಡಿ. ಗ್ರಾಫಿಕ್ಸ್ ಕಾರ್ಡ್‌ಗಳು ಕ್ಷಣದ ಸಣ್ಣ ಭಾಗದಲ್ಲಿ ತಮ್ಮ ಲೆಕ್ಕಕ್ಕಿಂತ ಬಹಳ ಹೆಚ್ಚು ಎಳೆಯುತ್ತವೆ, ಆ ಜಿಗಿತವನ್ನು ನುಂಗಲು ಮಿಗಿತ ಬೇಕು.

ಕೂಲರ್ ವಿಷಯಕ್ಕೆ ಬರೋಣ, ನಿಮ್ಮ ಊರಿನ ಮಟ್ಟಿಗೆ ಮುಖ್ಯವಾದದ್ದು ಇದೇ. 280ರ ರೇಡಿಯೇಟರ್‌ಗೆ (ದ್ರವದ ಬಿಸಿಯನ್ನು ಗಾಳಿಗೆ ಬಿಡುವ ಭಾಗ) 240ಕ್ಕಿಂತ ಮೂರನೇ ಒಂದು ಭಾಗಕ್ಕೂ ಮಿಗಿಲಾಗಿ ಹೆಚ್ಚು ಮೈ ಇದೆ, 140 ಮಿ.ಮೀ. ಫ್ಯಾನ್‌ಗಳು ಅಷ್ಟೇ ಗಾಳಿಯನ್ನು ಕಡಿಮೆ ಸದ್ದಿನಲ್ಲಿ ತಳ್ಳುತ್ತವೆ. ಆದರೂ ಅದನ್ನು ಅಳೆಯುವ ರೀತಿಯಲ್ಲೇ ಬಹಳ ಜನ ತಪ್ಪುತ್ತಾರೆ. 7700ಎಕ್ಸ್ ತನ್ನ ಮಿತಿಯಾದ 95 ಡಿಗ್ರಿ ಮುಟ್ಟುವವರೆಗೂ ವೇಗ ಏರಿಸಿಕೊಳ್ಳುತ್ತಲೇ ಹೋಗುವಂತೆ ಮಾಡಿದ ಪ್ರೊಸೆಸರ್. ಒಳ್ಳೆಯ ಕೂಲರ್ ಹಾಕಿದರೂ ಪೂರ್ತಿ ಭಾರದಲ್ಲಿ 95ರ ಹತ್ತಿರ ತೋರಿಸಬಹುದು. ಅದನ್ನು ನೋಡಿ ಕೂಲರ್ ಕೆಟ್ಟದ್ದು ಎನ್ನುವುದು ಅನ್ಯಾಯ.

ಸರಿಯಾದ ಕ್ರಮ ಹೀಗಿದೆ. ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಮದರ್‌ಬೋರ್ಡ್‌ನ ಸೆಟ್ಟಿಂಗ್ ಪರದೆ) ಇಕೋ ಮೋಡ್ 65 ವ್ಯಾಟ್ ಆರಿಸಿ. ಆಗ ಸಾಕೆಟ್ ಮಿತಿ 88 ವ್ಯಾಟ್‌ಗೆ ಇಳಿಯುತ್ತದೆ. ಪಂಪನ್ನು ಪೂರ್ಣ ವೇಗಕ್ಕೆ ಕಟ್ಟಿಡಿ. ಕೋಣೆಯ ಉಷ್ಣತೆಯನ್ನು ಬೇರೆ ಥರ್ಮಾಮೀಟರ್‌ನಿಂದ ನೋಡಿ ಬರೆದುಕೊಳ್ಳಿ. ಆಮೇಲೆ ಪ್ರೊಸೆಸರನ್ನು ಪೂರ್ತಿ ದುಡಿಸುವ ಸಿನೆಬೆಂಚ್ ಅಥವಾ ಒಸಿಸಿಟಿ ತಂತ್ರಾಂಶವನ್ನು ಕನಿಷ್ಠ ಅರ್ಧ ಗಂಟೆ ಓಡಿಸಿ. ಹತ್ತು ನಿಮಿಷ ಸಾಲದು: ಕೊಳವೆಯೊಳಗಿನ ದ್ರವ ನಿಧಾನವಾಗಿ ಬಿಸಿಯಾಗುತ್ತದೆ, ಅದು ಸ್ಥಿರವಾಗಲು 20-30 ನಿಮಿಷ ಹಿಡಿಯುತ್ತದೆ. ಮೊದಲ ಐದು ನಿಮಿಷದ ಅಂಕಿ ತೋರಿಸಿ ಹೊಗಳುವ ವಿಮರ್ಶೆಗಳನ್ನು ಪಕ್ಕಕ್ಕಿಡಿ.

ಬಂದ ಅಂಕಿಯಿಂದ ಕೋಣೆಯ ಉಷ್ಣತೆ ಕಳೆಯಿರಿ. ಉದಾಹರಣೆಗೆ 26 ಡಿಗ್ರಿ ಕೋಣೆಯಲ್ಲಿ ಪ್ರೊಸೆಸರ್ 72 ತೋರಿಸಿದರೆ ಅಂತರ 46. ಈ ಅಂತರ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ, ಕೋಣೆ ಬಿಸಿಯಾದಷ್ಟೂ ಪ್ರೊಸೆಸರ್ ಬಿಸಿಯಾಗುತ್ತದೆ. ಮೇ ತಿಂಗಳಲ್ಲಿ ಕೋಣೆ 40 ಇದ್ದರೆ 86. ಮಿತಿಗಿಂತ ಒಂಬತ್ತು ಡಿಗ್ರಿ ಕೆಳಗೆ, ಚಿಂತೆಯಿಲ್ಲ. ಅದೇ 142 ವ್ಯಾಟ್‌ನಲ್ಲಿ ಬಿಟ್ಟರೆ ಆ ಮಿಗಿತ ಉಳಿಯುವುದಿಲ್ಲ, ಫ್ಯಾನ್‌ಗಳು ಇಡೀ ದಿನ ಕೂಗುತ್ತವೆ. ಬೇಸಿಗೆಯಲ್ಲಿ ಇಕೋ ಮೋಡ್ ಇಟ್ಟುಕೊಳ್ಳಿ ಎನ್ನುವುದು ಅದಕ್ಕೇ. ಆಟಗಳಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳದಷ್ಟು ಚಿಕ್ಕದು. ವಿಡಿಯೊ ರೆಂಡರ್ ಮಾಡುವಾಗ ಮಾತ್ರ ತಿಳಿಯುತ್ತದೆ.

ಇನ್ನೂ ಒಂದು ಸುತ್ತು ಪರೀಕ್ಷೆ ಬಾಕಿ ಇದೆ. ಪ್ರೊಸೆಸರ್ ಒಂದನ್ನೇ ದುಡಿಸಿದ ಅಂಕಿ ಅರ್ಧ ಸತ್ಯ. ಗ್ರಾಫಿಕ್ಸ್ ಕಾರ್ಡ್ ಪಕ್ಕದ ಹಾಳೆಯಿಂದ ಗಾಳಿ ಎಳೆದು, 220 ವ್ಯಾಟ್ ಬಿಸಿಯ ದೊಡ್ಡ ಪಾಲನ್ನು ಪೆಟ್ಟಿಗೆಯೊಳಗೇ ಬಿಡುತ್ತದೆ. ಆ ಬಿಸಿಗಾಳಿಗೆ ಹೊರದಾರಿ ಎಂದರೆ ಮೇಲಿನ ರೇಡಿಯೇಟರ್. ಅಂದರೆ ಆಟ ಆಡುವಾಗ ರೇಡಿಯೇಟರ್ ಮೂಲಕ ಹೋಗುವುದು ಕೋಣೆಯ ಗಾಳಿಯಲ್ಲ, ಕಾರ್ಡ್ ಉಗುಳಿದ ಗಾಳಿ. ಆದ್ದರಿಂದ ಎರಡನ್ನೂ ಒಟ್ಟಿಗೆ ಅರ್ಧ ಗಂಟೆ ದುಡಿಸಿ ಮತ್ತೊಮ್ಮೆ ಅಂತರ ಅಳೆಯಿರಿ. ಪಕ್ಕದ ಗಾಜಿನ ಹಾಳೆ ತೆಗೆದು ತೂತಿನ ಉಕ್ಕಿನ ಹಾಳೆ ಹಾಕಿದರೆ ಕಾರ್ಡ್‌ಗೆ ಉಸಿರು ಬರುತ್ತದೆ. ನಿಮ್ಮ ಊರಿನ ಬೇಸಿಗೆಗೆ ಗಾಜು ಬೇಡವೇ ಬೇಡ. ಫ್ಯಾನ್‌ಗಳನ್ನು ತಿರುಗಿಸಿ ಮೇಲಿಂದ ಗಾಳಿ ಒಳಗೆಳೆಯಲು ಕೆಲವರು ಹೇಳುತ್ತಾರೆ. ಪ್ರೊಸೆಸರ್ ತಂಪಾಗುತ್ತದೆ ನಿಜ, ಆದರೆ ರೇಡಿಯೇಟರ್‌ನ ಬಿಸಿಯೆಲ್ಲ ಕಾರ್ಡ್ ಮೇಲೆ ಸುರಿಯುತ್ತದೆ, ಜೊತೆಗೆ ಧೂಳೂ ಮೇಲಿಂದಲೇ ಒಳಗೆ. ಹೊರಗೆ ದಬ್ಬುವಂತೆಯೇ ಇರಲಿ.

ಲಿಕ್ವಿಡ್ ಕೂಲರ್‌ನ ಒಂದು ಕೊರತೆ ಯಾರೂ ಹೇಳುವುದಿಲ್ಲ. ಸಾಮಾನ್ಯ ಕೂಲರ್‌ನ ಫ್ಯಾನ್ ಪ್ರೊಸೆಸರ್ ಸುತ್ತಲಿನ ವೋಲ್ಟೇಜ್ ಭಾಗಗಳಿಗೂ ಒಂದಿಷ್ಟು ಗಾಳಿ ಬೀಸುತ್ತದೆ, ಪಂಪ್ ಬೀಸುವುದಿಲ್ಲ. ಹೀಗಾಗಿ 170 ಮಿ.ಮೀ. ಚದರದ ಮಿನಿ ಐಟಿಎಕ್ಸ್ ಮದರ್‌ಬೋರ್ಡ್ ಆರಿಸುವಾಗ ದಪ್ಪ ಹೀಟ್‌ಸಿಂಕ್ ಇರುವುದನ್ನು ನೋಡಿ. ಹಿಂಬದಿಯ ಎಂ.2 ಜಾಗದಲ್ಲಿ ಎಸ್‌ಎಸ್‌ಡಿ ಹಾಕಿದರೆ ಅದಕ್ಕೆ ಗಾಳಿಯೇ ತಾಗುವುದಿಲ್ಲ. ವಿಂಡೋಸ್ ಇರುವ ಎಸ್‌ಎಸ್‌ಡಿ ಮುಂಬದಿಯಲ್ಲಿರಲಿ.

ಕಾರ್ಡ್ ಉದ್ದ 336 ಮಿ.ಮೀ.ವರೆಗೆ ಹಿಡಿಯುತ್ತದೆ. ಉದ್ದ ನೋಡಿ ಸುಮ್ಮನಾಗಬೇಡಿ, ದಪ್ಪ ಮತ್ತು ಎತ್ತರವನ್ನೂ ಅಳೆಯಿರಿ. ಕಾರ್ಡ್‌ನಲ್ಲಿ 16 ಪಿನ್ ಕನೆಕ್ಟರ್ ಇದ್ದರೆ ಕೇಬಲ್ ಸುಮಾರು 35 ಮಿ.ಮೀ. ನೆಟ್ಟಗೆ ಬಂದ ಮೇಲಷ್ಟೇ ಬಾಗಬೇಕು, ಆ ಜಾಗವನ್ನೂ ಕಾರ್ಡ್‌ನ ಎತ್ತರಕ್ಕೆ ಸೇರಿಸಿ. ಪಕ್ಕದ ಹಾಳೆಯೇ ಕೇಬಲನ್ನು ಒತ್ತುತ್ತಿದ್ದರೆ ಕನೆಕ್ಟರ್ ಓರೆಯಾಗಿ ಕೂರುತ್ತದೆ, ಕರಗುವುದು ಶುರುವಾಗುವುದು ಅಲ್ಲೇ. 8 ಪಿನ್ ಇರುವ ಕಾರ್ಡ್ ಆದರೆ ಈ ತಲೆನೋವೇ ಇಲ್ಲ.

ಬೆಲೆ ಹೋಲಿಸುವುದು ಸುಲಭ. ಖಾಲಿ ಕ್ಯಾಬಿನೆಟ್, ಎಸ್‌ಎಫ್‌ಎಕ್ಸ್ 850 ಗೋಲ್ಡ್, 280ರ ಕೂಲರ್, ಪಿಸಿಐಇ (ಕಾರ್ಡ್ ಮತ್ತು ಮದರ್‌ಬೋರ್ಡ್ ನಡುವಿನ ಸಂಪರ್ಕ) ನಾಲ್ಕನೇ ಪೀಳಿಗೆಯ ರೈಸರ್, ಇವುಗಳ ಬಿಡಿ ಬೆಲೆ ಕೂಡಿಸಿ. ಆದರೆ ನೀವು ಹೇಗೂ ಕೊಳ್ಳುತ್ತಿದ್ದ ವಸ್ತುಗಳನ್ನಷ್ಟೇ ಕೂಡಿಸಿ. 88 ವ್ಯಾಟ್‌ನಲ್ಲೇ ಓಡಿಸುವವರಿಗೆ ಒಳ್ಳೆಯ ಏರ್ ಕೂಲರ್ ಸಾಕು ಅನ್ನಿಸಿದರೆ, ಖಾಲಿ ಎನ್‌ಆರ್200ಪಿ ಕೊಂಡು ಉಳಿದದ್ದನ್ನು ಆರಿಸಿಕೊಳ್ಳುವುದೇ ಲೇಸು.

ಪ್ರಶ್ನೆ: ಅಂಗಡಿಯಲ್ಲಿ ಪುಟ್ಟ ಕ್ಯಾಬಿನೆಟ್ ಜೊತೆ 450 ವ್ಯಾಟ್ ಎಸ್‌ಎಂಪಿಎಸ್, ಬಣ್ಣದ ಮೂರು ಫ್ಯಾನ್ ಸೇರಿಸಿ ಕಡಿಮೆ ಬೆಲೆಗೆ ಕೊಡುತ್ತಿದ್ದಾರೆ. ಮಗಳ ಓದಿಗೆ ಕಂಪ್ಯೂಟರ್, ಮುಂದೆ ಒಂದು ಆರ್‌ಟಿಎಕ್ಸ್ 4060 ಹಾಕಬಹುದು. ತೆಗೆದುಕೊಳ್ಳಲೇ? (ದಾವಣಗೆರೆ)

ಉತ್ತರ: ಡಬ್ಬದ ಮೇಲಿನ 450 ಬಿಡಿ, ಎಸ್‌ಎಂಪಿಎಸ್ ಮೈಮೇಲಿನ ಚೀಟಿ ಓದಿ. ಅಲ್ಲಿ +12 ವೋಲ್ಟ್ ಸಾಲಿನ ಕೆಳಗೆ ಆಂಪಿಯರ್ ಬರೆದಿರುತ್ತದೆ. 16 ಆಂಪಿಯರ್ ಎಂದಿದ್ದರೆ 12ರಿಂದ ಗುಣಿಸಿ: 192 ವ್ಯಾಟ್. ಇಂದಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಬದುಕುವುದು ಈ ಸಾಲಿನ ಮೇಲೆ. ನಿಜವಾದ 450 ವ್ಯಾಟ್‌ನದಾದರೆ ಇಲ್ಲಿ 36ರ ಆಸುಪಾಸು ಇರಬೇಕು. 4060ಗೆ 115 ವ್ಯಾಟ್ ಬೇಕು, ಪ್ರೊಸೆಸರ್‌ಗೆ ಇನ್ನೊಂದು 90-150. 192ರಲ್ಲಿ ಇವೆರಡೂ ಹಿಡಿಸುವುದಿಲ್ಲ.

ಬೇರೆ ಗುರುತುಗಳೂ ಇವೆ. ಹಿಂದೆ 115/230 ಎಂದು ಕೆಂಪು ಸ್ವಿಚ್ ಇದ್ದರೆ ಆಕ್ಟಿವ್ ಪಿಎಫ್‌ಸಿ (ಗೋಡೆಯಿಂದ ವಿದ್ಯುತ್ತನ್ನು ಹದವಾಗಿ ಎಳೆಯುವ ವ್ಯವಸ್ಥೆ) ಇಲ್ಲದ ಹಳೆಯ ವಿನ್ಯಾಸ. ಪ್ರೊಸೆಸರ್‌ಗೆ 8 ಪಿನ್ ಬದಲು 4 ಪಿನ್ ಮಾತ್ರ ಇದ್ದರೆ, ಗ್ರಾಫಿಕ್ಸ್‌ಗೆ 8 ಪಿನ್ ಇಲ್ಲದಿದ್ದರೆ, ತಂತಿಯ ಮೇಲೆ 18 ಎಡಬ್ಲ್ಯುಜಿ ಬದಲು 20 ಅಥವಾ 22 ಎಂದು ಅಚ್ಚಾಗಿದ್ದರೆ (ಸಂಖ್ಯೆ ಹೆಚ್ಚಿದಷ್ಟೂ ತಂತಿ ಸಣ್ಣ) ಕೈಬಿಡಿ. ಕೈಯಲ್ಲಿ ಹಿಡಿದಾಗ ಖಾಲಿ ಡಬ್ಬದಷ್ಟು ಹಗುರವಾಗಿದ್ದರೂ ಅದೇ ಮಾತು. ಮೋಲೆಕ್ಸ್ ಪ್ಲಗ್‌ನಿಂದ ನೇರ ವಿದ್ಯುತ್ ಪಡೆಯುವ ಫ್ಯಾನ್‌ಗಳು ಒಂದೇ ವೇಗದಲ್ಲಿ ತಿರುಗುತ್ತವೆ, ಮದರ್‌ಬೋರ್ಡ್‌ನಿಂದ ನಿಯಂತ್ರಿಸಲಾಗುವುದಿಲ್ಲ.

ಕ್ಯಾಬಿನೆಟ್ ಇಷ್ಟವಾಗಿದ್ದರೆ ಒಂದು ಅಳತೆ ನೋಡಿ: ಹಿಂಬದಿಯ ಕಿಟಕಿ 150 x 86 ಮಿ.ಮೀ.ನ ಎಟಿಎಕ್ಸ್ ಆಗಿದ್ದರೆ, ಎಸ್‌ಎಂಪಿಎಸ್ ಬಿಟ್ಟು ಕ್ಯಾಬಿನೆಟ್ ಮಾತ್ರ ಕೇಳಿ, ಬೇರೆ ಒಳ್ಳೆಯ 550 ವ್ಯಾಟ್‌ನದು ಹಾಕಿಸಿ. 85 x 65ರ ಟಿಎಫ್‌ಎಕ್ಸ್ ಅಥವಾ ತನ್ನದೇ ಆಕಾರದ ಎಸ್‌ಎಂಪಿಎಸ್ ಆಗಿದ್ದರೆ ಮುಂದೆ ಬದಲಿಸಲು ಒದ್ದಾಡುತ್ತೀರಿ. ಮಗಳ ಓದಿನ ಕೆಲಸ ಒಂದು ಮಧ್ಯಾಹ್ನ ಸುಟ್ಟ ವಾಸನೆಯೊಂದಿಗೆ ನಿಲ್ಲಬಾರದು. ದಯವಿಟ್ಟು ಈ ಒಂದು ಭಾಗದಲ್ಲಿ ಉಳಿತಾಯ ಮಾಡಬೇಡಿ.

ಪ್ರಶ್ನೆ: ಕಾರ್ಡನ್ನು ರೈಸರ್ ಕೇಬಲ್ ಮೇಲೆ ನಿಲ್ಲಿಸಿದ್ದೇನೆ. ಆಟದ ಮಧ್ಯೆ ಪರದೆ ಕಪ್ಪಾಗುತ್ತದೆ, ಕೆಲವೊಮ್ಮೆ ಆನ್ ಆದರೂ ಚಿತ್ರವೇ ಬರುವುದಿಲ್ಲ. ಎಸ್‌ಎಂಪಿಎಸ್ ಕೆಟ್ಟಿದೆಯೇ? (ಬೆಳಗಾವಿ)

ಉತ್ತರ: ಮೊದಲ ಅನುಮಾನ ರೈಸರ್ ಮೇಲೆ. ಮೂರನೇ ಪೀಳಿಗೆಯ ಪಿಸಿಐಇಗೆ ಮಾಡಿದ ಕೇಬಲ್ ಮೇಲೆ ನಾಲ್ಕನೇ ಪೀಳಿಗೆಯ ಕಾರ್ಡ್ ಇಟ್ಟರೆ ಸಂಕೇತ ಅದೇ ತಂತಿಯಲ್ಲಿ ಎರಡು ಪಟ್ಟು ವೇಗದಲ್ಲಿ ಹೋಗಲು ನೋಡಿ ತಪ್ಪುಗಳಾಗುತ್ತವೆ. ಕಾರ್ಡ್ ತೆಗೆದು ಚಿತ್ರ ಮದರ್‌ಬೋರ್ಡ್‌ನ ಎಚ್‌ಡಿಎಂಐನಲ್ಲಿ ಬರುತ್ತದೆಯೇ ನೋಡಿ, ಬಯಾಸ್‌ಗೆ ಹೋಗಿ ಪಿಸಿಐಇ ಸಾಲನ್ನು ‘ಆಟೊ’ದಿಂದ ‘ಜೆನ್ 3’ಕ್ಕೆ ಇಳಿಸಿ, ಮತ್ತೆ ಕಾರ್ಡ್ ಹಾಕಿ. ತೊಂದರೆ ನಿಂತರೆ ಎಸ್‌ಎಂಪಿಎಸ್ ನಿರಪರಾಧಿ. 16 ಲೇನ್‌ಗಳ ಕಾರ್ಡ್‌ನಲ್ಲಿ ಇದರಿಂದ ಆಗುವ ನಷ್ಟ ತೀರ ಕಡಿಮೆ. ನಿಲ್ಲದಿದ್ದರೆ ರೈಸರ್ ಬಿಟ್ಟು ಕಾರ್ಡನ್ನು ನೇರ ಮದರ್‌ಬೋರ್ಡ್‌ಗೆ ಚುಚ್ಚಿ, ಪೆಟ್ಟಿಗೆಯ ಹೊರಗಾದರೂ ಸರಿ, ಒಮ್ಮೆ ಓಡಿಸಿ ನೋಡಿ. ರೈಸರನ್ನು ಚೂಪಾಗಿ ಮಡಚಿದ ಗುರುತು ಕಂಡರೆ ಬದಲಿಸಿ.

ಪ್ರಶ್ನೆ: ಪೆಟ್ಟಿಗೆಯ ಜೊತೆ ಬಂದ ಲಿಕ್ವಿಡ್ ಕೂಲರ್ ಎರಡು ವರ್ಷದ ಬಳಿಕ ಗುಳುಗುಳು ಅನ್ನುತ್ತಿದೆ. ಕಡಲ ತೇವದ ಗಾಳಿ ಕಾರಣವೇ? (ಉಡುಪಿ)

ಉತ್ತರ: ತೇವಕ್ಕೂ ಈ ಸದ್ದಿಗೂ ಸಂಬಂಧವಿಲ್ಲ. ಕೊಳವೆಯ ಗೋಡೆಯ ಮೂಲಕ ವರ್ಷ ಕಳೆದಂತೆ ದ್ರವ ಅಣುವಣುವಾಗಿ ಆವಿಯಾಗಿ, ಆ ಜಾಗದಲ್ಲಿ ಗಾಳಿ ಸೇರುತ್ತದೆ. ಗಾಳಿ ಸದಾ ಎತ್ತರದ ಜಾಗ ಹುಡುಕುತ್ತದೆ. ರೇಡಿಯೇಟರ್ ಮೇಲಿದ್ದರೆ ಅಲ್ಲಿ ಕೂತು ತೆಪ್ಪಗಿರುತ್ತದೆ. ಪೆಟ್ಟಿಗೆಯನ್ನು ಮಲಗಿಸಿಟ್ಟು ಪಂಪ್ ಎತ್ತರಕ್ಕೆ ಬಂದಿದ್ದರೆ ಪಂಪ್‌ಗೇ ಗಾಳಿ ನುಗ್ಗುತ್ತದೆ. ಪೆಟ್ಟಿಗೆ ನಿಲ್ಲಿಸಿ, ಪಂಪ್ ಓಡುತ್ತಿರುವಾಗಲೇ ಎಡಕ್ಕೆ ಬಲಕ್ಕೆ ನಿಧಾನವಾಗಿ ಓಲಿಸಿ ಹತ್ತು ನಿಮಿಷ ಬಿಡಿ. ಸದ್ದು ಹೋದರೆ ಆಯಿತು. ಹೋಗದೆ, ಅದೇ ಕೆಲಸಕ್ಕೆ ಉಷ್ಣತೆಯೂ ಮೊದಲಿಗಿಂತ 10 ಡಿಗ್ರಿಯಷ್ಟು ಏರಿದ್ದರೆ ವಾರಂಟಿ ಇರುವಾಗಲೇ ಬದಲಿಸಿಕೊಳ್ಳಿ. ಪೆಟ್ಟಿಗೆ ಮತ್ತು ಕೂಲರ್‌ಗೆ ಬೇರೆ ಬೇರೆ ಅವಧಿಯ ವಾರಂಟಿ ಇರುವುದುಂಟು, ಬಿಲ್ ಜೊತೆಗಿನ ಕಾಗದದಲ್ಲಿ ಕೂಲರ್‌ನ ಸಾಲು ಹುಡುಕಿ.

ಉಪ್ಪಿನ ಗಾಳಿ ಹಾಳು ಮಾಡುವುದು ರೇಡಿಯೇಟರ್‌ನ ತೆಳು ರೆಕ್ಕೆಗಳನ್ನು, ಸ್ಕ್ರೂಗಳನ್ನು. ಮಳೆಗಾಲದಲ್ಲಿ ದಿನಕ್ಕೊಮ್ಮೆಯಾದರೂ ಕಂಪ್ಯೂಟರ್ ಓಡಿಸಿ ಒಳಗನ್ನು ಬೆಚ್ಚಗಿಡಿ.

ಪ್ರಶ್ನೆ: ಡಲ್ಲಾಸ್‌ನಲ್ಲಿ ಕೊಂಡ ಇಂಥದೇ ಪೆಟ್ಟಿಗೆಯನ್ನು ಬೆಂಗಳೂರಿಗೆ ತರುತ್ತಿದ್ದೇನೆ. ನಮ್ಮ ವೋಲ್ಟೇಜ್‌ಗೆ, ಮನೆಯ 600 ವಿಎ ಯುಪಿಎಸ್‌ಗೆ ಹೊಂದುತ್ತದೆಯೇ? (ಟೆಕ್ಸಸ್)

ಉತ್ತರ: ಎಸ್‌ಎಂಪಿಎಸ್ ಚೀಟಿಯಲ್ಲಿ 100-240 ವೋಲ್ಟ್ ಎಂದಿದ್ದರೆ ತಂತಿ ಮಾತ್ರ ಬದಲಿಸಿದರೆ ಸಾಕು. ಮೂರು ಪಿನ್ನಿನ, ಅರ್ಥ್ ಇರುವ ತಂತಿಯೇ ಆಗಲಿ. ಅರ್ಥ್ ಇಲ್ಲದ ಪ್ಲಗ್ ಅಡಾಪ್ಟರ್ ಬಳಸಿದರೆ ಪೆಟ್ಟಿಗೆ ಮುಟ್ಟಿದಾಗ ಜುಮ್ಮೆನ್ನುತ್ತದೆ. ಹೊರಡುವ ಮುನ್ನ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಕೈಚೀಲದಲ್ಲಿ ತನ್ನಿ. ನಿಂತ ಕಾರ್ಡ್‌ನ ಭಾರವೆಲ್ಲ ಒಂದು ಸಣ್ಣ ತಗಡಿನ ಮೇಲಿರುತ್ತದೆ, ಸಾಮಾನು ಎಸೆಯುವಾಗ ರೈಸರ್‌ನ ಸಾಕೆಟ್ ಸೀಳುತ್ತದೆ. ಬೋರ್ಡ್ ಬದಲಿಸುವ ಆಲೋಚನೆ ಇದ್ದರೆ ಕೂಲರ್‌ನ ಬಿಡಿ ಕ್ಲಿಪ್ಪುಗಳನ್ನೂ ಮರೆಯದೆ ತನ್ನಿ. ಇಂಟೆಲ್‌ನ ಎಲ್‌ಜಿಎ1700 ಪ್ರೊಸೆಸರ್ ಸಾಕೆಟ್ ಬಂದದ್ದು 2021ರ ನವೆಂಬರ್‌ನಲ್ಲಿ. ಅದರ ತೂತುಗಳ ನಡುವೆ 78 ಮಿ.ಮೀ. ಅಂತರ, ಹಿಂದಿನದಕ್ಕೆ 75. ಅದಕ್ಕೂ ಮೊದಲು ತಯಾರಾದ ಡಬ್ಬದಲ್ಲಿ ಈ ಕ್ಲಿಪ್ ಇರದಿರಬಹುದು.

600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್. ಇಂಥ ಪೆಟ್ಟಿಗೆ ಆಟದ ಹೊತ್ತಿಗೆ 450 ದಾಟುತ್ತದೆ, ಮಾನಿಟರ್ ಬೇರೆ. ಕರೆಂಟ್ ಹೋದೊಡನೆ ಯುಪಿಎಸ್ ಕೂಡ ಕೈಚೆಲ್ಲುತ್ತದೆ. ಕನಿಷ್ಠ 600 ವ್ಯಾಟ್ ಎಂದು ಬರೆದಿರುವ 1000 ವಿಎ ಯುಪಿಎಸ್ ತೆಗೆದುಕೊಳ್ಳಿ, ಪ್ಯೂರ್ ಸೈನ್ ವೇವ್‌ನದಾದರೆ ಉತ್ತಮ: ಅಗ್ಗದ ಯುಪಿಎಸ್‌ಗಳ ಮೆಟ್ಟಿಲಿನಂಥ ಅಲೆಗೆ ಆಕ್ಟಿವ್ ಪಿಎಫ್‌ಸಿ ಇರುವ ಕೆಲವು ಎಸ್‌ಎಂಪಿಎಸ್‌ಗಳು ಹೊಂದಿಕೊಳ್ಳದೆ, ಬ್ಯಾಟರಿಗೆ ಬದಲಾದ ಕ್ಷಣದಲ್ಲೇ ಆರಿಹೋಗುತ್ತವೆ. ಮನೆಯಲ್ಲಿರುವ ಯುಪಿಎಸ್‌ನಲ್ಲೇ ನೋಡಬೇಕೆಂದರೆ ಕೆಲಸವೆಲ್ಲ ಉಳಿಸಿಟ್ಟು, ಯಾವ ಆಟವನ್ನೂ ತೆರೆಯದೆ, ಗೋಡೆಯ ಸ್ವಿಚ್ ಒಮ್ಮೆ ಆರಿಸಿ. ಅಷ್ಟಕ್ಕೇ ಕಂಪ್ಯೂಟರ್ ನಿಂತರೆ ತೊಂದರೆ ಬಹುಮಟ್ಟಿಗೆ ಅಲೆಯದು ಅಥವಾ ಬ್ಯಾಟರಿಯದು. ಆಟದ ಹೊತ್ತಿಗೆ ಮಾತ್ರ ನಿಂತರೆ ವ್ಯಾಟ್ ಸಾಲದು.