ಸಾಲ ಮಾಡಿ ಓದಲು ಹೋದವರು ರಜೆಯಲ್ಲಿ ಯುರೋಪ್ ಸುತ್ತಬಹುದಾ?

ನೀವು ಬೀದರ್‌ನವರು, ಈ ಅಕ್ಟೋಬರ್‌ಗೆ ಜರ್ಮನಿಗೆ ಮಾಸ್ಟರ್ಸ್ ಓದಲು ಹೊರಟಿದ್ದೀರಿ. ಅಪ್ಪ ಸಾಲ ಮಾಡಿ ಕಳಿಸ್ತಿದ್ದಾರೆ. ತಲೆ ಮೇಲೆ ಸಾಲ ಇಟ್ಕೊಂಡು ರಜೆಯಲ್ಲಿ ಸುತ್ತೋದು ತಪ್ಪಾ, ಸುತ್ತಿದರೆ ಎಷ್ಟು ದೇಶ ನೋಡಬಹುದು ಅಂತ ಕೇಳಿದ್ದೀರಿ.

ನಾನು ಕಲಬುರಗಿಯವನು. 2022ರ ಅಕ್ಟೋಬರ್‌ನಲ್ಲಿ ಹೋಗಿ ಎರಡೂವರೆ ವರ್ಷ ಜರ್ಮನಿಯ ಕೆಮ್ನಿಟ್ಸ್‌ನಲ್ಲಿದ್ದೆ. ಊರ ನಡುವೆ ಕಾರ್ಲ್ ಮಾರ್ಕ್ಸ್‌ನ ದೊಡ್ಡ ತಲೆ ಮಾತ್ರ ನಿಲ್ಲಿಸಿರುವ ಊರು ಅದು, ದೇಹ ಇಲ್ಲ. ನಮ್ಮಪ್ಪ ತೊಗರಿ ಬೆಳೆಯೋರು. ಹೊಲದ ಕಾಗದ ಬ್ಯಾಂಕಿನಲ್ಲಿಟ್ಟು ಕಳಿಸಿದ್ದರು. ಹಾಗಾಗಿ ನಿಮ್ಮ ಹೊಟ್ಟೆಯಲ್ಲಿರುವ ಸಂಕಟ ನನಗೆ ಚೆನ್ನಾಗಿ ಗೊತ್ತು.

ತಪ್ಪಲ್ಲ, ಸುತ್ತಿ. ಆದರೆ 'ಎಷ್ಟು ದೇಶ' ಅನ್ನೋ ಲೆಕ್ಕ ಇವತ್ತೇ ಬಿಡಿ. ಆ ಲೆಕ್ಕಕ್ಕೆ ಬಿದ್ದೇ ನಾನು ಮೊದಲ ಸಲ ದುಡ್ಡೂ ಕಳೆದುಕೊಂಡೆ, ಊರೂ ನೋಡಲಿಲ್ಲ.

ಮೊದಲು ದುಡ್ಡಿನ ಮಾತು. ವೀಸಾಕ್ಕೆ ಅಂತ ಬ್ಲಾಕ್ಡ್ ಅಕೌಂಟ್‌ನಲ್ಲಿ ಇಡ್ತೀರಲ್ಲ, ಈಗ ವರ್ಷಕ್ಕೆ 11,904 ಯೂರೋ, ಅದು ತಿಂಗಳಿಗೆ 992ರಂತೆ ಕೈಗೆ ಬರುತ್ತದೆ. ಮೊದಲ ತಿಂಗಳು ಅದನ್ನು ರೂಪಾಯಿಗೆ ಗುಣಿಸಿ ನೋಡಿದಾಗ ನಾವೇ ಸಾಹುಕಾರರು ಅನಿಸುತ್ತೆ. ಬಾಡಿಗೆ, ಆರೋಗ್ಯ ವಿಮೆ, ದಿನಸಿ ಅಂತ ಕಳೆದ ಮೇಲೆ ಅನಿಸೋದಿಲ್ಲ. ಆ ದುಡ್ಡು ಮುಟ್ಟಬೇಡಿ. ಸುತ್ತಾಟಕ್ಕೆ ಅಲ್ಲೇ ದುಡಿದ ದುಡ್ಡು ಮಾತ್ರ ಅಂತ ಮನಸ್ಸಿನಲ್ಲಿ ಗೆರೆ ಹಾಕ್ಕೊಳ್ಳಿ. ನಮ್ಮಂಥವರಿಗೆ 2024ರ ಮಾರ್ಚ್‌ನಿಂದ ವರ್ಷಕ್ಕೆ 140 ಪೂರ್ತಿ ದಿನ, ಇಲ್ಲಾ 280 ಅರ್ಧ ದಿನ ಕೆಲಸ ಮಾಡಲು ಬಿಡ್ತಾರೆ. ನಾನು ಹೋದಾಗ 120 ದಿನ ಇತ್ತು. 2023ರ ಆಗಸ್ಟ್‌ನಿಂದ ಆರು ವಾರ ಒಂದು ಗೋಡೌನ್‌ನಲ್ಲಿ ಪಾರ್ಸೆಲ್ ಎತ್ತಿದೆ, ಗಂಟೆಗೆ 12 ಯೂರೋ, ಆಗಿನ ಕನಿಷ್ಠ ಕೂಲಿ. ಸೊಂಟ ಹೋಯಿತು. ಆದರೆ ಆ ದುಡ್ಡಲ್ಲಿ ಟಿಕೆಟ್ ತೆಗೆದಾಗ ಅಪ್ಪನ ಮುಖ ಕಣ್ಣ ಮುಂದೆ ಬರಲಿಲ್ಲ.

ಇನ್ನು ಆ ಮೊದಲ ಟ್ರಿಪ್. ಸೆಪ್ಟೆಂಬರ್, ನಾವು ಐದು ಜನ, 12 ದಿನ, 7 ದೇಶ. ಪ್ರಾಗ್, ವಿಯೆನ್ನಾ, ಬ್ರಾಟಿಸ್ಲಾವಾ, ಬುಡಾಪೆಸ್ಟ್, ಜಾಗ್ರೆಬ್, ಲ್ಯುಬ್ಲ್ಯಾನಾ, ವೆನಿಸ್. ಆ ವರ್ಷ ಜನವರಿಯಲ್ಲಷ್ಟೇ ಕ್ರೊಯೇಷಿಯಾ ಷೆಂಗೆನ್‌ಗೆ, ಅಂದರೆ ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಗುಂಪಿಗೆ, ಸೇರಿತ್ತು, ಬೇರೆ ವೀಸಾ ಬೇಡ, ಅದನ್ನೂ ಸೇರಿಸಿಬಿಡೋಣ ಅಂದ ಒಬ್ಬ. ಸೇರಿಸಿದೆವು. ಲಾಡ್ಜ್ ಖರ್ಚು ಉಳಿಸಲು ರಾತ್ರಿ ಬಸ್, ಬೆಳಗ್ಗೆ ಐದಕ್ಕೆ ಇಳಿದು ಬಸ್ ಸ್ಟ್ಯಾಂಡಿನಲ್ಲೇ ಹಲ್ಲುಜ್ಜಿ, ಬ್ಯಾಗ್ ಹೊತ್ಕೊಂಡು ಊರೆಲ್ಲ ನಡೆದು, ಫೋಟೋ ತೆಗೆದು, ಮತ್ತೆ ರಾತ್ರಿ ಬಸ್. ಬ್ರಾಟಿಸ್ಲಾವಾದಲ್ಲಿ ನಾವಿದ್ದದ್ದು ಮೂರು ಗಂಟೆ. ವಿಯೆನ್ನಾ, ಬ್ರಾಟಿಸ್ಲಾವಾ, ಬುಡಾಪೆಸ್ಟ್ ಮೂರರಲ್ಲೂ ಹರಿಯೋದು ಒಂದೇ ಡ್ಯಾನ್ಯೂಬ್ ನದಿ, ಹಾಗಾಗಿ ಫೋನಿನಲ್ಲಿ ಸೇತುವೆ ಮುಂದೆ ನಿಂತ ಫೋಟೋ ನೋಡಿದರೆ ಯಾವ ಊರು ಅಂತ ಈಗಲೂ ನನಗೆ ಗೊತ್ತಾಗಲ್ಲ. ವೆನಿಸ್‌ಗೆ ಬರೋ ಹೊತ್ತಿಗೆ ಐವರಲ್ಲಿ ಇಬ್ಬರು ಮಾತು ಬಿಟ್ಟಿದ್ದರು, ಒಬ್ಬನಿಗೆ ಜ್ವರ. ನನಗೆ ನೆನಪಿರೋದು ಬಸ್ ಸ್ಟ್ಯಾಂಡಿನ ಶೌಚಾಲಯಗಳು. ಅಲ್ಲೂ ದುಡ್ಡು ಕೊಟ್ಟೇ ಹೋಗಬೇಕು, ಚಿಲ್ಲರೆ ಜೇಬಲ್ಲಿರಲಿ.

ಪ್ರಾಗ್‌ನಲ್ಲಿ ಇನ್ನೊಂದು ಪಾಠ. ಅಲ್ಲಿ ಯೂರೋ ಅಲ್ಲ, ಕೊರುನಾ. ಹಂಗೇರಿಯಲ್ಲಿ ಫೋರಿಂಟ್. 'ಕಮಿಷನ್ ಸೊನ್ನೆ' ಅಂತ ಬೋರ್ಡ್ ಹಾಕಿದ್ದ ಅಂಗಡಿಯಲ್ಲಿ ನೂರು ಯೂರೋ ಬದಲಿಸಿದೆವು. ಕಮಿಷನ್ ತಗೊಳ್ಳಲಿಲ್ಲ, ನಿಜ. ದರವೇ ಅಷ್ಟು ಕಡಿಮೆ ಇಟ್ಟಿದ್ದ. 2019ರಿಂದ ಪ್ರಾಗ್‌ನಲ್ಲಿ ಕಾನೂನು ಇದೆ, ಮೂರು ಗಂಟೆಯೊಳಗೆ ರಸೀದಿ ತಗೊಂಡು ವಾಪಸ್ ಹೋದರೆ ದುಡ್ಡು ಮರಳಿ ಕೊಡಲೇಬೇಕು ಅಂತ. ನನಗದು ಗೊತ್ತಾಗಿದ್ದು ಮೂರು ತಿಂಗಳಾದ ಮೇಲೆ. ನೀವು ಕಾರ್ಡ್ ಬಳಸಿ, ಮಷಿನ್ 'ಯೂರೋದಲ್ಲಿ ಕಟ್ಟಲಾ, ಇಲ್ಲಿನ ದುಡ್ಡಲ್ಲಿ ಕಟ್ಟಲಾ' ಅಂತ ಕೇಳಿದರೆ ಅಲ್ಲಿನ ದುಡ್ಡೇ ಅನ್ನಿ.

ಕಾಗದ ಪತ್ರದ ವಿಷಯ ಮುಖ್ಯ, ಗಮನ ಕೊಟ್ಟು ಓದಿ. ಜರ್ಮನಿಯ ರೆಸಿಡೆನ್ಸ್ ಕಾರ್ಡ್ ಇದ್ದರೆ ಬೇರೆ ಷೆಂಗೆನ್ ದೇಶಗಳಿಗೆ ವೀಸಾ ಇಲ್ಲದೆ ಹೋಗಬಹುದು, 180 ದಿನದಲ್ಲಿ 90 ದಿನ. ಜರ್ಮನಿಯಲ್ಲಿರೋ ದಿನ ಆ ಲೆಕ್ಕಕ್ಕೆ ಬರಲ್ಲ. ಸ್ವಿಟ್ಜರ್‌ಲೆಂಡ್ ಸೇರುತ್ತೆ. ಲಂಡನ್ ಸೇರಲ್ಲ, ಐರ್ಲೆಂಡ್ ಸೇರಲ್ಲ. ಪಾಸ್‌ಪೋರ್ಟ್, ಕಾರ್ಡ್ ಎರಡೂ ಒರಿಜಿನಲ್ ಜೊತೆಗಿರಬೇಕು. 'ಗಡಿಯೇ ಇಲ್ಲವಂತೆ, ಯಾರು ಕೇಳ್ತಾರೆ' ಅಂತ ನಮ್ಮ ಜೊತೆಯವನೊಬ್ಬ ಫೋನಿನಲ್ಲಿ ಫೋಟೋ ಇಟ್ಕೊಂಡು ಪ್ರಾಗ್‌ಗೆ ಹೋಗಿದ್ದ. ವಾಪಸ್ ಬರುವಾಗ ರಾತ್ರಿ ಎರಡು ಗಂಟೆಗೆ ಪೊಲೀಸರು ಬಸ್ ಹತ್ತಿದರು. ಅವನನ್ನು ಇಳಿಸಿಕೊಂಡರು, ಬಸ್ ಹೊರಟೇ ಹೋಯಿತು. ಬೆಳಕು ಹರಿಯುವವರೆಗೂ ಚಳಿಯಲ್ಲಿ ಠಾಣೆಯಲ್ಲಿ ಕೂತಿದ್ದ. 2024ರ ಸೆಪ್ಟೆಂಬರ್‌ನಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಶುರು ಮಾಡಿದೆ, ಈಗ ಇನ್ನೂ ಹುಷಾರಾಗಿರಿ. ಮತ್ತೆ ವೀಸಾ ಮುಗಿದು ಹೊಸ ಕಾರ್ಡ್ ಬರುವ ಮಧ್ಯೆ ಒಂದು ತಾತ್ಕಾಲಿಕ ಕಾಗದ ಕೊಡ್ತಾರೆ. ಅದರ ಮೇಲೆ ಗಡಿ ದಾಟಬಹುದಾ ಅಂತ ಅದನ್ನು ಕೊಟ್ಟ ಕಚೇರಿಯಲ್ಲೇ ಕೇಳಿ, ಸೀನಿಯರ್‌ಗಳನ್ನಲ್ಲ.

ಕಡಿಮೆ ದರದ ವಿಮಾನಗಳಲ್ಲಿ ಕೂಡ ಒಂದು ಬಲೆ ಹಾಕಿರುತ್ತಾರೆ. ಯುರೋಪಿನವರಲ್ಲದವರು ಕೌಂಟರ್‌ಗೆ ಹೋಗಿ ಪಾಸ್‌ಪೋರ್ಟ್ ತೋರಿಸಿ ಬೋರ್ಡಿಂಗ್ ಪಾಸ್ ಮೇಲೆ ಸೀಲ್ ಹಾಕಿಸಬೇಕು ಅಂತ ಕೆಲವು ಕಂಪನಿಗಳು ಸಣ್ಣ ಅಕ್ಷರದಲ್ಲಿ ಬರೆದಿರ್ತವೆ. ನಾನು ಓದಿರಲಿಲ್ಲ. ಗೇಟಿನಿಂದ ವಾಪಸ್ ಕಳಿಸಿದರು, ಓಡಿ ಹೋಗಿ ಹಾಕಿಸ್ಕೊಂಡು ಬಂದೆ, ಬಾಗಿಲು ಮುಚ್ಚೋಕೆ ಎರಡು ನಿಮಿಷ ಇತ್ತು. ವಿಮಾನ ನಿಲ್ದಾಣದ ಹೆಸರು ನೋಡಿಯೂ ಮೋಸ ಹೋಗಬೇಡಿ. 'ಫ್ರಾಂಕ್‌ಫರ್ಟ್ ಹಾನ್' ಅನ್ನೋದು ಫ್ರಾಂಕ್‌ಫರ್ಟ್‌ನಿಂದ ಸುಮಾರು 120 ಕಿಲೋಮೀಟರ್ ದೂರ. ಅಂದರೆ ಬೀದರ್‌ನಲ್ಲಿ ಇಳಿಸಿ ಇದೇ ಕಲಬುರಗಿ ಅಂದ ಹಾಗೆ.

ಈಗ ಎರಡನೇ ಟ್ರಿಪ್. 2024ರ ಮಾರ್ಚ್, ಪರೀಕ್ಷೆ ಮುಗಿದಿತ್ತು. ಜರ್ಮನಿಯಲ್ಲಿ ಫೆಬ್ರವರಿ ಮಧ್ಯದಿಂದ ಮಾರ್ಚ್ ಕೊನೆವರೆಗೆ ಪಾಠ ಇರಲ್ಲ, ಅದನ್ನು ರಜೆ ಅಂತಾರೆ, ಆದರೆ ಪರೀಕ್ಷೆಗಳೂ ಅಲ್ಲೇ ಬಂದು ಕೂತಿರ್ತವೆ. ಈ ಹೊತ್ತಲ್ಲಿ ಪ್ರವಾಸಿಗಳು ಕಡಿಮೆ, ಹಾಸಿಗೆ ಅಗ್ಗ. ಈ ಸಲ ಒಬ್ಬನೇ, ಒಂದೇ ದೇಶ, ಎರಡೇ ಊರು: ಸ್ಪೇನಿನ ಸೆವಿಲ್ಲೆ ಮತ್ತು ಕೊರ್ಡೊಬಾ. ಒಂಬತ್ತು ದಿನ. ಕೆಮ್ನಿಟ್ಸ್‌ನ ಬೂದಿ ಬಣ್ಣದ ಚಳಿಯಲ್ಲಿ ಐದು ತಿಂಗಳು ಕಳೆದವನಿಗೆ ಸೆವಿಲ್ಲೆಯಲ್ಲಿ ಇಳಿದ ಕೂಡಲೇ ಬೆನ್ನಿಗೆ ಬಿಸಿಲು ತಾಗಿತು ನೋಡಿ, ಅಲ್ಲೇ ಒಂದು ಕಟ್ಟೆ ಮೇಲೆ ಕೂತುಬಿಟ್ಟೆ. ನಮ್ಮೂರಲ್ಲಿ ಬಿಸಿಲಿಗೆ ಬೈದುಕೊಂಡೇ ಬೆಳೆದವನು ನಾನು! ರಸ್ತೆ ಬದಿಯ ಮರಗಳಲ್ಲಿ ಕಿತ್ತಳೆ ಕಂಡವು. ಯಾರೂ ಕೀಳ್ತಿಲ್ಲವಲ್ಲ, ಎಂಥ ಒಳ್ಳೇ ಜನ ಅಂದ್ಕೊಂಡು ಒಂದು ಕಿತ್ತು ಬಾಯಿಗೆ ಹಾಕಿದೆ. ಹಾಗಲಕಾಯಿಗೆ ನಿಂಬೆ ಹಿಂಡಿದ ಹಾಗಿತ್ತು. ಅದು ಕಹಿ ಜಾತಿಯ ಕಿತ್ತಳೆ, ಮಾರ್ಮಲೇಡ್‌ಗೆ ಮಾತ್ರ ಲಾಯಕ್ಕು. ಮಧ್ಯಾಹ್ನ ಅಂಗಡಿಗಳಿಗೆ ಬಾಗಿಲು, ಸಂಜೆ ಮೇಲೆ ಮತ್ತೆ ಗದ್ದಲ. ಅಲ್ಲಿ ಪರಿಚಯವಾದ ಜರ್ಮನ್ ಹುಡುಗನಿಗೆ ಅದು ಸೋಮಾರಿತನ ಅನಿಸಿತು. ಏಪ್ರಿಲ್-ಮೇನಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ತಾವಪ್ಪ ಅಂತ ಅವನಿಗೆ ಹೇಳಿದೆ, ನಂಬಲಿಲ್ಲ.

ಕೊರ್ಡೊಬಾಕ್ಕೆ ಹೋಗಲು ಕಾರಣ ನಮ್ಮ ಹೈಸ್ಕೂಲ್ ಮೇಷ್ಟ್ರು. ಕಲಬುರಗಿ ಕೋಟೆಯೊಳಗಿನ ಜಾಮಾ ಮಸೀದಿ ತೋರಿಸಲು ಕರ್ಕೊಂಡು ಹೋದಾಗ, ಇಂಥದ್ದೇ ಒಂದು ಸ್ಪೇನಿನಲ್ಲಿದೆ ಅಂದಿದ್ದರು. ನಮ್ಮದು 1367ರದ್ದು, ಬಹಮನಿಗಳ ಕಾಲದ್ದು. ಸಾಮಾನ್ಯವಾಗಿ ಮಸೀದಿಗೆ ತೆರೆದ ಅಂಗಳ ಇರುತ್ತಲ್ಲ, ಇಲ್ಲಿ ಪೂರ್ತಿ ಚಾವಣಿ, ಒಳಗೆ ಕಮಾನಿನ ಹಿಂದೆ ಕಮಾನು. ಕೊರ್ಡೊಬಾದ್ದು ಅದಕ್ಕಿಂತ ಸುಮಾರು ಆರು ನೂರು ವರ್ಷ ಹಳೆಯದು, 8ನೇ ಶತಮಾನದಲ್ಲಿ ಶುರು ಮಾಡಿದ್ದು. ಒಳಗೆ 850ಕ್ಕೂ ಜಾಸ್ತಿ ಕಂಬಗಳು, ಅವುಗಳ ಮೇಲೆ ಕೆಂಪು-ಬಿಳಿ ಪಟ್ಟೆಯ ಕಮಾನುಗಳು. 1236ರಲ್ಲಿ ಊರು ಕ್ರೈಸ್ತ ರಾಜನ ಕೈಗೆ ಹೋದ ಮೇಲೆ ಅದು ಚರ್ಚ್ ಆಯಿತು, 16ನೇ ಶತಮಾನದಲ್ಲಿ ಕಂಬಗಳ ನಟ್ಟನಡುವೆಯೇ ದೊಡ್ಡ ಕೆಥೆಡ್ರಲ್ ಎಬ್ಬಿಸಿದರು. ಎರಡೂ ಒಂದೇ ಸೂರಿನ ಕೆಳಗಿವೆ. ಸೋಮವಾರದಿಂದ ಶನಿವಾರದವರೆಗೆ ಬೆಳಗ್ಗೆ 8.30ರಿಂದ ಸುಮಾರು ಒಂದು ಗಂಟೆ ಟಿಕೆಟ್ ಇಲ್ಲದೆ ಬಿಡ್ತಾರೆ. ನಾನು ಮೂರು ದಿನ ಮೂರು ಬೆಳಗ್ಗೆ ಹೋದೆ. ಮೊದಲ ದಿನ ಬಾಯಿ ಬಿಟ್ಕೊಂಡು ನೋಡಿದೆ. ಎರಡನೇ ದಿನ ಕಂಬಗಳು ಒಂದರ ಹಾಗೆ ಇನ್ನೊಂದಿಲ್ಲ ಅಂತ ಗೊತ್ತಾಯಿತು, ಹಳೇ ಕಟ್ಟಡಗಳಿಂದ ತಂದು ನಿಲ್ಲಿಸಿದ್ದಂತೆ. ಮೂರನೇ ದಿನ ಸುಮ್ನೆ ಒಂದು ಮೂಲೆಯಲ್ಲಿ ನಿಂತಿದ್ದೆ. ಏಳು ದೇಶದಲ್ಲಿ ಸಿಗದೇ ಇದ್ದದ್ದು ಅಲ್ಲಿ ಸಿಕ್ಕಿತು.

ಅವತ್ತು ತಪ್ಪಿ ಒಂದು ಫೋಟೋ ಮನೆಯ ಗ್ರೂಪಿಗೆ ಹೋಯಿತು. ಅಷ್ಟರವರೆಗೂ ನಾನು ಸುತ್ತೋದು ಅಪ್ಪನಿಗೆ ಹೇಳಿರಲಿಲ್ಲ. ಸಂಜೆ ಫೋನ್ ಬಂತು. ಬೈಗುಳಕ್ಕೆ ತಯಾರಾಗಿ ಎತ್ತಿದೆ. "ನಮ್ಮ ಕ್ವಾಟಿ ಮಸೂತಿಗಿ ಬಣ್ಣ ಹಚ್ಚಿದಂಗ ಅದಲ್ಲೋ ಇದು, ಎಲ್ಲಿದ್ದಿ?" ಅಂದರು. ಸ್ಪೇನ್ ಅಂದೆ. ನನ್ನ ದುಡಿಮೆ ದುಡ್ಡು ಅಂತ ಕೇಳದಿದ್ದರೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಿ ಹೊಲದಾಗ ಏನ್ ಬೆಳೀತಾರ?" ಅಂತ ಕೇಳಿದರು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಆಲಿವ್ ತೋಟ ನೋಡಿದ್ದೆ, ಅದನ್ನೇ ಹೇಳಿದೆ. ಎಣ್ಣೆ ತೆಗೆಯೋದು ಹೇಗೆ, ನೀರು ಎಷ್ಟು ಬೇಕು, ಎಷ್ಟು ವರ್ಷಕ್ಕೆ ಫಸಲು ಅಂತ ಇಪ್ಪತ್ತು ನಿಮಿಷ ಕೇಳಿದರು, ನನಗೆ ಅರ್ಧಕ್ಕೆ ಉತ್ತರ ಗೊತ್ತಿರಲಿಲ್ಲ. ಅದಕ್ಕೇ ಹೇಳೋದು, ಮನೆಯಲ್ಲಿ ಮುಚ್ಚಿಡಬೇಡಿ. ಮುಚ್ಚಿಟ್ಟಾಗಲೇ ಅದು ಕಳ್ಳತನ ಅನಿಸೋದು.

ಊಟ. ಬೀದರ್‌ನವರಿಗೆ ನಾನು ಹೇಳಬೇಕಾ? ಖಡಕ್ ರೊಟ್ಟಿ ಎಷ್ಟು ಹಿಡಿಯುತ್ತೋ ಅಷ್ಟು ತಗೊಂಡು ಹೋಗಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಜೊತೆಗೆ. ತುಪ್ಪ, ಪೇಡಾ ಬೇಡ, ಹಾಲಿನ ಪದಾರ್ಥ ಮತ್ತು ಮಾಂಸ ಹೊರಗಿನಿಂದ ಯುರೋಪಿನೊಳಗೆ ತರುವ ಹಾಗಿಲ್ಲ, ಕಸ್ಟಮ್ಸ್‌ನಲ್ಲಿ ಎಸೆದುಬಿಡ್ತಾರೆ. ಅಲ್ಲಿ ಹಾಸ್ಟೆಲ್ ಅಂದರೆ ನಮ್ಮ ವಿದ್ಯಾರ್ಥಿ ನಿಲಯ ಅಲ್ಲ. ಒಂದು ರೂಮಿನಲ್ಲಿ ಆರೆಂಟು ಹಾಸಿಗೆ, ರಾತ್ರಿ ಲೆಕ್ಕದಲ್ಲಿ ಬಾಡಿಗೆ. ಅಡುಗೆ ಮನೆ ಇರೋದನ್ನೇ ಹುಡುಕಿ. ಸೆವಿಲ್ಲೆಯಲ್ಲಿ ನಾನು ಮೊಸರಿಗೆ ಹಿಂಡಿ ಕಲಸಿ ರೊಟ್ಟಿ ಮುರಿಯೋದು ನೋಡಿ ಸ್ವೀಡನ್‌ನ ಒಬ್ಬಳು ಹುಡುಗಿ ಹತ್ತಿರ ಬಂದಳು. ಅವರಲ್ಲೂ ಹೀಗೇ ಒಣ ರೊಟ್ಟಿ ಇದೆಯಂತೆ, ರೈ ಹಿಟ್ಟಿನದ್ದು, ನಡುವೆ ತೂತು. ಹಿಂದೆ ಕೋಲಿಗೆ ಪೋಣಿಸಿ ಚಾವಣಿಗೆ ತೂಗು ಹಾಕ್ತಿದ್ದರಂತೆ. ನಮ್ಮವ್ವ ಬುಟ್ಟಿಯಲ್ಲಿ ಜೋಡಿಸಿಡ್ತಾಳೆ ಅಂದೆ. ಹಿಂಡಿ ಖಾರಕ್ಕೆ ಅವಳು ಕಣ್ಣೀರು ಹಾಕಿದ್ದು ಬೇರೆ ಮಾತು.

ಜರ್ಮನಿಯೊಳಗೆ ಸುತ್ತೋಕೆ ಡಾಯ್ಚ್‌ಲ್ಯಾಂಡ್ ಟಿಕೆಟ್ ಅನ್ನೋ ತಿಂಗಳ ಪಾಸ್ ಸಾಕು. 2023ರ ಮೇನಲ್ಲಿ ಶುರುವಾದಾಗ ತಿಂಗಳಿಗೆ 49 ಯೂರೋ, 2026ರಿಂದ 63. ವೇಗದ ರೈಲಿಗೆ ನಡೆಯಲ್ಲ, ಪ್ಯಾಸೆಂಜರ್ ಥರದ ರೈಲಿಗೆ ಮಾತ್ರ. ಆದರೆ ಅದರಲ್ಲೇ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ತನಕ ಹೋಗಬಹುದು. ಕೆಮ್ನಿಟ್ಸ್‌ನಿಂದ ರೈಲು ಬದಲಿಸ್ತಾ ಬದಲಿಸ್ತಾ ಇಡೀ ದಿನ ಹಿಡಿಯಿತು. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಗೆ ಓಡಾಡಿದವರಿಗೆ ಇದೇನು ಲೆಕ್ಕ? ಸ್ವಿಟ್ಜರ್‌ಲೆಂಡ್ ಬಗ್ಗೆ ಎಲ್ಲರೂ ಕೇಳ್ತಾರೆ. ದುಬಾರಿ. ಅದೇ ಆಲ್ಪ್ಸ್ ಬೆಟ್ಟ ಬವೇರಿಯಾದಲ್ಲೂ ಇದೆ, ಇದೇ ಟಿಕೆಟ್‌ನಲ್ಲಿ. ಪ್ಯಾರಿಸ್‌ಗೆ ಹೋಗೋದಾದರೆ 26 ತುಂಬುವ ಮುಂಚೆ ಹೋಗಿ, ಯುರೋಪಿನಲ್ಲಿ ವಾಸ ಇರೋ 26ರ ಒಳಗಿನವರಿಗೆ ಅಲ್ಲಿನ ಲೂವ್ರ್ ಮ್ಯೂಸಿಯಂ ಉಚಿತ, ರೆಸಿಡೆನ್ಸ್ ಕಾರ್ಡ್ ತೋರಿಸಿದರೆ ಆಯಿತು.

ಇನ್ನೊಂದು ಮಾತು, ಅಕ್ಟೋಬರ್‌ಗೆ ಇನ್ನೂ ಸಮಯ ಇದೆಯಲ್ಲ. 2017ರಿಂದ ಬೀದರ್-ಕಲಬುರಗಿ ರೈಲು ಓಡ್ತಿದೆ. ಒಂದು ಭಾನುವಾರ ಬನ್ನಿ, ಕೋಟೆ ಮಸೀದಿ ನೋಡ್ಕೊಂಡು ಹೋಗಿ. ನಾನು ಊರಲ್ಲೇ ಇದ್ದೀನಿ, ಸುಸಲಾ ಮಿರ್ಚಿ ನನ್ನ ಲೆಕ್ಕದಲ್ಲಿ.