ಹೊಲಿಗೆ ಪ್ರಶ್ನೋತ್ತರ: ಬ್ಯಾಲೆ ಶೂಗೆ ರಿಬ್ಬನ್ ಮತ್ತು ಎಲಾಸ್ಟಿಕ್

ಪ್ರಶ್ನೆ: ನಾನು ಬದಿಯಡ್ಕದಲ್ಲಿ ಇಪ್ಪತ್ತು ವರ್ಷಗಳಿಂದ ಟೈಲರಿಂಗ್ ಮಾಡುತ್ತಿದ್ದೇನೆ. ರವಿಕೆ, ಶಾಲಾ ಸಮವಸ್ತ್ರಗಳ ಜೊತೆಗೆ ಯಕ್ಷಗಾನದ ದಗಲೆಯನ್ನೂ ಹೊಲಿದಿದ್ದೇನೆ. ಬೆಂಗಳೂರಿನಲ್ಲಿ ಬ್ಯಾಲೆ ಕಲಿಯುತ್ತಿರುವ ನೆರೆಮನೆಯ ಹುಡುಗಿಯೊಬ್ಬಳು ರಜೆಯಲ್ಲಿ ಬಂದಾಗ ಕಾಲ್ಬೆರಳ ತುದಿಯಲ್ಲಿ ನಿಂತು ನರ್ತಿಸಲು ತೊಡುವ ಹೊಸ ಪಾಯಿಂಟ್ ಶೂ, ಒಂದು ಸುರುಳಿ ರಿಬ್ಬನ್ ಮತ್ತು ಎಲಾಸ್ಟಿಕ್ ತಂದುಕೊಟ್ಟು, ಹೊಲಿದು ಕೊಡಬೇಕೆಂದು ಕೇಳಿದ್ದಾಳೆ. ಇದನ್ನು ಮಿಷನ್ನಿನಲ್ಲಿ ಹೊಲಿಯಬಹುದೇ? ಅಂಟು ಹಾಕಿದರೆ ಸಾಕೇ? ಎಲ್ಲಿ ಹೊಲಿಯಬೇಕು ಎಂಬ ಗುರುತು ಶೂವಿನ ಮೇಲೆ ಎಲ್ಲಿಯೂ ಕಾಣುವುದಿಲ್ಲ.

ಉತ್ತರ: ಗುರುತು ಕಾಣದಿರುವುದು ನಿಮ್ಮ ಕಣ್ಣಿನ ದೋಷವಲ್ಲ. ರಿಬ್ಬನ್ ಎಲ್ಲಿಗೆ ಬರಬೇಕೆಂಬುದು ತೊಡುವವಳ ಪಾದವನ್ನು ಅವಲಂಬಿಸಿರುವುದರಿಂದಲೇ ಅದನ್ನು ಹೊಲಿಯದೆ ಮಾರುವುದು ರೂಢಿ. ಆದ್ದರಿಂದ ಸೂಜಿಗೆ ದಾರ ಪೋಣಿಸುವ ಮೊದಲು ಹುಡುಗಿಯನ್ನು ಕರೆಸಿ ಎದುರಿಗೆ ಕೂರಿಸಿಕೊಳ್ಳಿ. ಅಳತೆ ಸರಿಯಾಗಿದೆ ಎಂದು ಅವಳ ಗುರುಗಳು ಒಪ್ಪಿದ್ದಾರೆಯೇ ಎಂದು ಮೊದಲು ಕೇಳಿ, ಏಕೆಂದರೆ ಒಮ್ಮೆ ಸೂಜಿ ಹಾಯ್ದ ಶೂವನ್ನು ಅಂಗಡಿಯವರು ಸಾಮಾನ್ಯವಾಗಿ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಇನ್ನೊಂದು ವಿಷಯ ನಿಮಗೆ ಅಚ್ಚರಿಯೆನಿಸಬಹುದು: ಸಾಂಪ್ರದಾಯಿಕ ಪಾಯಿಂಟ್ ಶೂಗಳಲ್ಲಿ ಎಡ, ಬಲ ಎಂಬ ಭೇದವಿಲ್ಲ. ಎರಡನ್ನೂ ಅದಲುಬದಲು ಮಾಡಿ ತೊಟ್ಟು ನೋಡಿ, ಯಾವುದು ಯಾವ ಕಾಲಿಗೆ ಹಿತವೋ ಅದನ್ನು ಆ ಕಾಲಿಗೆ ನಿಗದಿ ಮಾಡಿಕೊಂಡು, ಒಳಗಡೆ ಪೆನ್ಸಿಲಿನಿಂದ ಬರೆದಿಟ್ಟ ಬಳಿಕವೇ ಹೊಲಿಗೆ ಶುರುಮಾಡಬೇಕು.

ಮಿಷನ್ ಬೇಡ. ಶೂವಿನ ಬಾಯಿ ಮಿಷನ್ನಿನ ಪಾದದಡಿಗೆ ಸರಿಯಾಗಿ ಕೂರುವುದಿಲ್ಲ; ಕೂರಿಸಿದರೂ ಸೂಜಿ ಸ್ಯಾಟಿನ್, ಕ್ಯಾನ್ವಾಸ್, ಬಾಯಿ ಬಿಗಿಸುವ ಲಾಡಿ ಎಲ್ಲವನ್ನೂ ಒಟ್ಟಿಗೆ ತೂತು ಮಾಡಿಬಿಡುತ್ತದೆ. ಅಂಟಂತೂ ಬೇಡವೇ ಬೇಡ. ಅದು ಸ್ಯಾಟಿನ್ನಿನ ಮೇಲೆ ಕಲೆಯಾಗಿ ಹರಡುತ್ತದೆ, ಒಣಗಿದ ಮೇಲೆ ಗಡುಸಾಗಿ ಚರ್ಮವನ್ನು ಉಜ್ಜುತ್ತದೆ, ಬೆವರಿಗೆ ಬಿಟ್ಟುಕೊಳ್ಳುತ್ತದೆ. ಕಾಲ್ಬೆರಳ ತುದಿಯಲ್ಲಿ ನಿಂತಿರುವ ಮಗುವಿನ ರಿಬ್ಬನ್ ಆ ಹೊತ್ತಿನಲ್ಲಿ ಕಿತ್ತುಬಂದರೆ ಅವಳ ಕಣಕಾಲು ಉಳುಕುವ ಅಪಾಯವಿದೆ.

ಈಗ ಶೂವನ್ನು ಕೈಗೆತ್ತಿಕೊಂಡು ನೋಡಿ. ಮುಂದಿನ ಗಟ್ಟಿ ಭಾಗವನ್ನು ಬಾಕ್ಸ್ ಎನ್ನುತ್ತಾರೆ. ಬಟ್ಟೆ ಮತ್ತು ಕಾಗದದ ಪದರಗಳನ್ನು ಅಂಟಿನಲ್ಲಿ ಕೂಡಿಸಿ ಒಣಗಿಸಿ ಅದನ್ನು ಗಟ್ಟಿಗೊಳಿಸಿರುತ್ತಾರೆ. ಪಾದದ ಕೆಳಗೆ ಉದ್ದಕ್ಕೆ ಇರುವ ಬಿಗಿಯಾದ ಪಟ್ಟಿ ಶ್ಯಾಂಕ್. ಹೊರಗೆ ಸ್ಯಾಟಿನ್, ಒಳಗೆ ಕ್ಯಾನ್ವಾಸ್ ಲೈನಿಂಗ್. ಬಾಯಿಯ ಸುತ್ತ ಕಿರಿದಾದ ಬೈಂಡಿಂಗ್ ಇದ್ದು, ಅದರೊಳಗೆ ತೆಳುವಾದ ಲಾಡಿ ಹಾಯ್ದು ಮುಂಭಾಗದಲ್ಲಿ ಹೊರಬಂದಿರುತ್ತದೆ. ಈ ಕೆಲಸದಲ್ಲಿ ನಿಮ್ಮ ಎಚ್ಚರವೆಲ್ಲ ಆ ಲಾಡಿಯ ಮೇಲೆಯೇ ಇರಲಿ. ನಾನು ಹೊಲಿದ ಮೊದಲ ಜೊತೆಯಲ್ಲಿ ಬೈಂಡಿಂಗಿನ ಮೇಲೆಯೇ ಅಚ್ಚುಕಟ್ಟಾಗಿ ಸಣ್ಣ ಸಣ್ಣ ಟಾಕಾ ಹಾಕಿ, ನೋಡಲು ಚೆನ್ನಾಗಿದೆಯೆಂದು ಸಂತೋಷಪಟ್ಟಿದ್ದೆ. ಮರುದಿನ ಹುಡುಗಿ ಲಾಡಿ ಎಳೆದರೆ ಅದು ಜಗ್ಗಲಿಲ್ಲ. ನನ್ನ ದಾರ ಅದನ್ನು ನಾಲ್ಕು ಕಡೆ ಹಿಡಿದುಕೊಂಡಿತ್ತು. ಅಷ್ಟನ್ನೂ ಬಿಚ್ಚುವಾಗ ಬೈಂಡಿಂಗ್ ಹರಿಯದಂತೆ ಉಸಿರು ಬಿಗಿಹಿಡಿದು ಕೂತಿದ್ದ ಆ ಸಂಜೆಯನ್ನು ಇಂದಿಗೂ ಮರೆತಿಲ್ಲ.

ಜಾಗ ಗುರುತಿಸಲು ಒಂದು ಸುಲಭ ಕ್ರಮವಿದೆ. ಶೂವಿನ ಹಿಮ್ಮಡಿಯ ಭಾಗವನ್ನು ಒಳಕ್ಕೆ, ಅಟ್ಟೆಯ ಮೇಲೆ ಮಲಗುವಂತೆ ಮಡಚಿ. ಆಗ ಎರಡೂ ಬದಿಗಳಲ್ಲಿ ಓರೆಯಾದ ಮಡಿಕೆಯೊಂದು ಮೂಡುತ್ತದೆ. ಆ ಮಡಿಕೆಯ ಮುಂದಕ್ಕೆ, ಅದರ ಓರೆಯನ್ನೇ ಅನುಸರಿಸಿ, ರಿಬ್ಬನ್ನಿನ ಮೇಲ್ತುದಿ ಕೊಂಚ ಬೆರಳುಗಳ ಕಡೆಗೆ ವಾಲುವಂತೆ ಲೈನಿಂಗಿನ ಮೇಲೆ ಗೆರೆ ಎಳೆಯಿರಿ. ಬಳಿಕ ರಿಬ್ಬನ್ನನ್ನು ಪಿನ್ನಿನಿಂದಲೋ ಕಚ್ಚಾ ಹೊಲಿಗೆಯಿಂದಲೋ ನಿಲ್ಲಿಸಿ, ಹುಡುಗಿಗೆ ತೊಡಿಸಿ, ಕುಳಿತಲ್ಲೇ ಪಾದವನ್ನು ಮುಂದಕ್ಕೆ ಚಾಚಲು ಹೇಳಿ. ರಿಬ್ಬನ್ ಪಾದದ ಕಮಾನಿಗೆ ಅಂಟಿಕೊಂಡಂತೆ ಸಪಾಟಾಗಿ ಕೂತರೆ ಜಾಗ ಸರಿಯಾಗಿದೆ. ಒಂದು ಅಂಚು ಬಿಗಿದು ಇನ್ನೊಂದು ಅಂಚು ಜೋಲುಬಿದ್ದರೆ ಓರೆಯನ್ನು ತಿದ್ದಬೇಕು. ತೀರ ಮುಂದಕ್ಕೆ ಹೊಲಿದರೆ ಹಿಮ್ಮಡಿ ಜಾರುತ್ತದೆ, ತೀರ ಹಿಂದಕ್ಕೆ ಹೊಲಿದರೆ ಶ್ಯಾಂಕ್ ಕಮಾನಿನಿಂದ ದೂರ ನಿಲ್ಲುತ್ತದೆ. ಕಾಲಿಂದ ಕಾಲಿಗೆ ಈ ಜಾಗ ಸ್ವಲ್ಪ ವ್ಯತ್ಯಾಸವಾಗುವುದರಿಂದ, ಒಂದು ಶೂವಿನ ಅಳತೆಯನ್ನು ಟೇಪಿನಿಂದ ಇನ್ನೊಂದಕ್ಕೆ ಸಾಗಿಸುವ ನಮ್ಮ ಟೈಲರಿಂಗಿನ ಅಭ್ಯಾಸವನ್ನು ಇಲ್ಲಿ ಬಿಟ್ಟುಬಿಡಿ.

ಸಾಮಾನ್ಯವಾಗಿ ಬಳಸುವ ರಿಬ್ಬನ್ 22 ಮಿಲಿಮೀಟರ್ ಅಗಲದ್ದು. ಒಂದು ಜೊತೆಗೆ ಸುಮಾರು ಎರಡೂವರೆ ಮೀಟರ್ ಇದ್ದರೆ ನಾಲ್ಕು ತುಂಡು ಮಾಡಿಕೊಳ್ಳಬಹುದು. ತುಂಡೊಂದು 50ರಿಂದ 55 ಸೆಂಟಿಮೀಟರ್ ಬೇಕಾಗುತ್ತದೆ, ಉಳಿದದ್ದನ್ನು ಕಟ್ಟಿ ನೋಡಿದ ಮೇಲೆ ಕತ್ತರಿಸಿದರಾಯಿತು. ಹೊಲಿಯುವ ತುದಿಯ ಹಸಿ ಅಂಚನ್ನು ಒಳಗೆ ಮಡಚಿ, ಮೇಲೊಂದು ಮಡಿಕೆ ಹಾಕಿ, ಸುಮಾರು ಒಂದು ಇಂಚು ಭಾಗ ಶೂವಿನ ಒಳಗೆ ಇಳಿಯುವಂತೆ ಇರಿಸಿ. ಕೆಳಗೆ, ಎರಡು ಬದಿ ಮತ್ತು ಮೇಲೆ, ಹೀಗೆ ಚೌಕವಾಗಿ ಬ್ಯಾಕ್ ಸ್ಟಿಚ್ ಹಾಕಿ. ಮೇಲಿನ ಸಾಲು ಬೈಂಡಿಂಗಿನ ಕೆಳಗೇ ನಿಲ್ಲಲಿ. ಕೆಲವರು ಸ್ಯಾಟಿನ್ನನ್ನೂ ಸೇರಿಸಿ ಹೊಲಿಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಕ್ಯಾನ್ವಾಸ್ ಗಟ್ಟಿಯಾಗಿದ್ದರೆ ಅದೊಂದನ್ನೇ ಹಿಡಿದು ಹೊಲಿಯುವುದು ಒಳ್ಳೆಯದು, ಹೊರಗೆ ಒಂದು ಚುಕ್ಕೆಯೂ ಕಾಣುವುದಿಲ್ಲ. ಎಡಗೈಯ ತೋರುಬೆರಳನ್ನು ಹೊರಗಿನ ಸ್ಯಾಟಿನ್ನಿಗೆ ಒತ್ತಿಟ್ಟುಕೊಂಡರೆ ಸೂಜಿಯ ಮೊನೆ ಕ್ಯಾನ್ವಾಸ್ ದಾಟುವ ಕ್ಷಣ ಬೆರಳಿಗೆ ತಿಳಿಯುತ್ತದೆ, ಅಲ್ಲಿಂದಲೇ ಹಿಂದಿರುಗಿಸಬೇಕು. ಪ್ರತಿ ಬದಿ ಮುಗಿದಾಗಲೂ ಲಾಡಿಯನ್ನು ಎಳೆದು, ಅದು ಸಲೀಸಾಗಿ ಓಡುತ್ತದೆಯೇ ಎಂದು ನೋಡಿಕೊಳ್ಳಿ.

ಸಾಧಾರಣ ಹೊಲಿಗೆ ದಾರದ ಒಂದೆಳೆ ಈ ಎಳೆತಕ್ಕೆ ನಿಲ್ಲುವುದಿಲ್ಲ. ದಪ್ಪ ಪಾಲಿಯೆಸ್ಟರ್ ದಾರವನ್ನು ಎರಡೆಳೆ ಮಾಡಿ ಬಳಸಿ. ಬಹಳಷ್ಟು ನರ್ತಕಿಯರು ಹಲ್ಲಿನ ಸಂದು ಸ್ವಚ್ಛಗೊಳಿಸುವ ಡೆಂಟಲ್ ಫ್ಲಾಸ್ ಬಳಸುತ್ತಾರೆ. ಔಷಧದ ಅಂಗಡಿಯಲ್ಲಿ ಸಿಗುವ ಅದು ತೆಳುವಾಗಿದ್ದರೂ ಸುಲಭವಾಗಿ ತುಂಡಾಗುವುದಿಲ್ಲ, ಒಳಗಡೆ ಇರುವುದರಿಂದ ಅದರ ಬಿಳಿ ಬಣ್ಣ ತೋರುವುದೂ ಇಲ್ಲ. ದೊಡ್ಡ ಕಣ್ಣಿನ ಗಟ್ಟಿ ಸೂಜಿಯೂ ಬೆರಳಿಗೆ ತಿಂಬಲ್ಲೂ ಬೇಕು. ರಿಬ್ಬನ್ನಿನ ಇನ್ನೊಂದು ತುದಿಯನ್ನು ಓರೆಯಾಗಿ ಕತ್ತರಿಸಿ, ಎಳೆ ಬಿಡದಂತೆ ಉರಿಯುವ ಊದುಬತ್ತಿಯ ತುದಿಯನ್ನು ಅಂಚಿನುದ್ದಕ್ಕೆ ನಿಧಾನವಾಗಿ ಸರಿಸಿ. ನೈಲಾನ್, ಪಾಲಿಯೆಸ್ಟರ್ ಆಗಿದ್ದರೆ ಅಂಚು ಕರಗಿ ಕೂಡಿಕೊಳ್ಳುತ್ತದೆ. ಹತ್ತಿಯದ್ದಾದರೆ ಸುಡುತ್ತದೆ, ಆದ್ದರಿಂದ ಮೊದಲು ಚೂರೊಂದರ ಮೇಲೆ ಪರೀಕ್ಷಿಸಿ.

ಎಲಾಸ್ಟಿಕ್ಕಿನ ಕೆಲಸ ಬೇರೆ. ಹಿಮ್ಮಡಿ ಶೂವಿನಿಂದ ಹೊರಜಾರದಂತೆ ಅದು ಹಿಡಿದಿಡುತ್ತದೆ. ಸುಮಾರು ಎರಡು ಸೆಂಟಿಮೀಟರ್ ಅಗಲದ ಎಲಾಸ್ಟಿಕ್ಕನ್ನು ಹಿಂದಿನ ನಡು ಹೊಲಿಗೆಯ ಎರಡೂ ಬದಿಗಳಲ್ಲಿ, ಒಂದು ಬೆರಳಿನಷ್ಟು ಅಂತರ ಬಿಟ್ಟು, ಕಣಕಾಲಿನ ಮುಂದಿನಿಂದ ಬಳಸಿ ಬರುವಂತೆ ಹೊಲಿಯಿರಿ. ಉದ್ದವನ್ನು ಅವಳ ಕಾಲಿಗೇ ಸುತ್ತಿ ತೆಗೆದುಕೊಳ್ಳಿ: ಬಿಗಿಯಾಗಿರಬೇಕು, ಆದರೆ ಬಿಚ್ಚಿದ ಮೇಲೆ ಕೆಂಪು ಗೆರೆ ಉಳಿಯಬಾರದು. ಹಿಂದೆ ಬೊಬ್ಬೆ ಏಳುವ ಕಾಲಾದರೆ ತುದಿಗಳನ್ನು ಶೂವಿನ ಹೊರಮೈಗೆ ಹೊಲಿಯುವುದು ವಾಸಿ. ಅಂದಕ್ಕಿಂತ ಚರ್ಮ ಮುಖ್ಯ.

ಕೊನೆಗೊಂದು ಕೋರಿಕೆ. ಒಂದು ಶೂವನ್ನು ನೀವು ಹೊಲಿಯಿರಿ, ಇನ್ನೊಂದನ್ನು ನಿಮ್ಮ ಪಕ್ಕದಲ್ಲಿ ಕೂರಿಸಿಕೊಂಡು ಅವಳ ಕೈಯಿಂದಲೇ ಹೊಲಿಸಿ. ದೊಡ್ಡ ಕಂಪನಿಗಳ ನರ್ತಕಿಯರೂ ತಮ್ಮ ರಿಬ್ಬನ್ನನ್ನು ಸಾಮಾನ್ಯವಾಗಿ ತಾವೇ ಹೊಲಿದುಕೊಳ್ಳುತ್ತಾರೆ. 1832ರಲ್ಲಿ ಪ್ಯಾರಿಸ್ಸಿನಲ್ಲಿ ‘ಲಾ ಸಿಲ್ಫೀಡ್’ ಬ್ಯಾಲೆಯಲ್ಲಿ ಬೆರಳ ತುದಿಯ ಮೇಲೆ ನರ್ತಿಸಿ ಹೆಸರಾದ ಮರೀ ಟ್ಯಾಗ್ಲಿಯೋನಿಯ ಕಾಲದಲ್ಲಿ ಈ ಗಟ್ಟಿ ಬಾಕ್ಸ್ ಇರಲಿಲ್ಲ. ಮೃದುವಾದ ಸ್ಯಾಟಿನ್ ಶೂವಿನ ತುದಿ ಮತ್ತು ಬದಿಗಳನ್ನು ದಾರದಿಂದ ಒತ್ತೊತ್ತಾಗಿ ಹೊಲಿದು ಗಟ್ಟಿಮಾಡಿಕೊಳ್ಳುತ್ತಿದ್ದರು. ಸೂಜಿ ಹಿಡಿಯುವುದೂ ಆ ಕಲೆಯ ಪಾಠವೇ, ಅದನ್ನು ಕಲಿಸಲು ನಿಮ್ಮಷ್ಟು ನುರಿತ ಕೈ ಅವಳಿಗೆ ಸಿಕ್ಕಿರುವುದು ಅವಳ ಅದೃಷ್ಟ.

ಪ್ರಶ್ನೆ: ಉಪ್ಪಳದಿಂದ ಬರೆಯುತ್ತಿದ್ದೇನೆ. ಶಾರ್ಜಾದಲ್ಲಿರುವ ಮೊಮ್ಮಗಳು ಜುಲೈಯ ಶಾಲಾ ರಜೆಗೆ ಬಂದಾಗ ಬ್ಯಾಲೆ ಶೂವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿದ್ದಳು. ವಾರದಲ್ಲಿ ಮುಂಭಾಗ ಮೆತ್ತಗಾಗಿ ಬೂಷ್ಟಿನ ವಾಸನೆ ಬಂದಿದೆ. ತೊಳೆದು ಒಣಗಿಸಬಹುದೇ? ರಿಬ್ಬನ್ ಹೊಸದು, ಎಸೆಯಲು ಮನಸ್ಸಿಲ್ಲ.

ಉತ್ತರ: ಶೂವನ್ನು ತೊಳೆಯಬೇಡಿ. ಅಂಟಿನಿಂದ ಗಟ್ಟಿಯಾದ ಬಾಕ್ಸಿಗೆ ನೀರೇ ಶತ್ರು. ಮರಳುಗಾಡಿನ ಊರಿನಲ್ಲಿ ತಾನಾಗಿ ಆರುತ್ತಿದ್ದ ಬೆವರು ನಮ್ಮ ಆಟಿ ತಿಂಗಳ ಮಳೆಯ ಹವೆಯಲ್ಲಿ, ಅದೂ ಪ್ಲಾಸ್ಟಿಕ್ಕಿನೊಳಗೆ, ಆರದೆ ಅಂಟನ್ನು ಕರಗಿಸುತ್ತದೆ. ಬೆರಳಿಗೆ ಹಾಕುವ ಮೆತ್ತೆಯನ್ನು ಹೊರತೆಗೆದು, ಬಾಯಿ ಅಗಲಿಸಿ, ಫ್ಯಾನಿನ ಗಾಳಿಯಲ್ಲಿ ಎರಡು ದಿನ ತೂಗುಹಾಕಿ. ಬಿಸಿಲಿಗೂ ಒಲೆಯ ಬಳಿಗೂ ಬೇಡ. ಒಣಗಿದ ಮೇಲೆ ಬಾಕ್ಸ್ ಗಟ್ಟಿಯಾದಂತೆ ಕಂಡರೂ ಮೊದಲಿನ ಬಲ ಬಂದಿರುತ್ತದೆಂದು ನಂಬಿ ಅವಳನ್ನು ತುದಿಗಾಲಲ್ಲಿ ನಿಲ್ಲಲು ಬಿಡಬೇಡಿ, ಗುರುಗಳು ಕೈಯಿಂದ ಒತ್ತಿ ನೋಡಿ ಹೇಳಲಿ. ರಿಬ್ಬನ್ನನ್ನು ಖಂಡಿತ ಉಳಿಸಿಕೊಳ್ಳಬಹುದು. ಹೊಲಿಗೆ ಬಿಚ್ಚಿ, ಸಾಬೂನು ನೀರಿನಲ್ಲಿ ತೊಳೆದು, ಮೇಲೆ ಬಟ್ಟೆ ಹಾಸಿ ಕಡಿಮೆ ಬಿಸಿಯಲ್ಲಿ ಇಸ್ತ್ರಿ ಮಾಡಿ. ಎಲಾಸ್ಟಿಕ್ಕನ್ನು ಒಮ್ಮೆ ಎಳೆದು, ಕೈಬಿಟ್ಟು ನೋಡಿ. ಹಿಂದಿನ ಉದ್ದಕ್ಕೆ ಮರಳದಿದ್ದರೆ ಹೊಸದನ್ನೇ ಹಾಕಿ. ಇನ್ನು ಮುಂದೆ ಹತ್ತಿಯ ಚೀಲದಲ್ಲಿ ಇಡಲಿ.

ಪ್ರಶ್ನೆ: ನಾನು ಪೆರ್ಲದವಳು, ಹದಿನಾರು ವರ್ಷ, ಮೈಸೂರಿನಲ್ಲಿ ಓದುತ್ತಾ ಬ್ಯಾಲೆ ಕಲಿಯುತ್ತಿದ್ದೇನೆ. ರಿಬ್ಬನ್ ನಡುವೆಯೇ ಸಡಿಲವಾಗುತ್ತದೆ. ಬಿಗಿಯಾಗಿ ಕಟ್ಟಿದರೆ ಹಿಮ್ಮಡಿಯ ಮೇಲೆ ನೋಯುತ್ತದೆ.

ಉತ್ತರ: ನೀವು ಪಾದ ಚಾಚಿಕೊಂಡು ಕಟ್ಟುತ್ತಿರಬೇಕು. ಪಾದವನ್ನು ನೆಲಕ್ಕೆ ಪೂರ್ತಿ ಊರಿ, ಮೊಣಕಾಲು ಬಗ್ಗಿಸಿಕೊಂಡು ಕಟ್ಟಿ. ರಿಬ್ಬನ್ನಿನ ಹೊಳಪಿಲ್ಲದ ಮೈ ಕಾಲಿನ ಕಡೆಗಿರಲಿ, ಆಗ ಜಾರುವುದು ಕಡಿಮೆ. ಒಳಬದಿಯ ರಿಬ್ಬನ್ನನ್ನು ಪಾದದ ಮೇಲಿನಿಂದ ಹೊರಕ್ಕೆ ತಂದು, ಹಿಂದಿನಿಂದ ಸುತ್ತಿ, ಕಣಕಾಲಿನ ಒಳಬದಿಯ ಎಲುಬಿನ ಬಳಿ ಹಿಡಿದುಕೊಳ್ಳಿ. ಹೊರಬದಿಯದನ್ನು ಅದರ ಮೇಲೆ ಅಡ್ಡಲಾಗಿ ತಂದು, ಹಿಂದಿನಿಂದ ಸುತ್ತಿ, ಮತ್ತೆ ಮುಂದಿನಿಂದ ಹಾಯಿಸಿ ಅಲ್ಲಿಗೇ ಸೇರಿಸಿ. ಗಂಟು ಕಣಕಾಲಿನ ಒಳಗಡೆ, ಎಲುಬಿಗೂ ಹಿಂದಿನ ದಪ್ಪ ಸ್ನಾಯುರಜ್ಜಿಗೂ ನಡುವಿನ ತಗ್ಗಿನಲ್ಲಿ ಬೀಳಬೇಕು, ರಜ್ಜಿನ ಮೇಲೆ ಎಂದಿಗೂ ಬೇಡ. ತುದಿಗಳನ್ನು ಗಿಡ್ಡವಾಗಿ ಕತ್ತರಿಸಿ ಸುತ್ತಿನೊಳಗೆ ಸೇರಿಸಿಬಿಡಿ. ಇಷ್ಟು ಮಾಡಿಯೂ ನೋವು ಉಳಿದರೆ, ಹಿಂಬದಿಯಲ್ಲಿ ಹಾಯುವ ಜಾಗಕ್ಕೆ ಸರಿಯಾಗಿ ರಿಬ್ಬನ್ನನ್ನು ಕತ್ತರಿಸಿ, ನಡುವೆ ಎರಡು ಇಂಚಿನ ಎಲಾಸ್ಟಿಕ್ ತುಂಡು ಸೇರಿಸಿ ಹೊಲಿದುಕೊಳ್ಳಿ. ಪಾದ ಬಗ್ಗಿದಾಗ ಅದು ತಾನೂ ಹಿಗ್ಗಿ ರಜ್ಜಿಗೆ ಬಿಡುವು ಕೊಡುತ್ತದೆ.